ಟಿಪ್ಪಣಿ, ಕೆಲಸದ ಪಟ್ಟಿ, ಕ್ಯಾಲೆಂಡರ್: ಕನ್ನಡದಲ್ಲಿ ಬರೆದಿಡುವವರಿಗೆ ಯಾವ ಆ್ಯಪ್?

ಪರೀಕ್ಷೆಗೆ ಇಟ್ಟುಕೊಂಡದ್ದು ಒಂದು ಮನೆಯ ಮಾಮೂಲಿ ಹೊರೆ. ವಿಮೆಯ ಕಂತು, ಸಾಲದ ಇಎಂಐ, ಗ್ಯಾಸ್ ಬುಕಿಂಗ್, ನೀರಿನ ಫಿಲ್ಟರ್ ಬದಲಿಸುವುದು, ಶಾಲೆಯ ಸುತ್ತೋಲೆ, ತಿಥಿಯ ಪ್ರಕಾರ ಬರುವ ಶ್ರಾದ್ಧ ಮತ್ತು ಹಬ್ಬ, ಇವುಗಳ ಜೊತೆಗೆ ಆಗಾಗ ಕನ್ನಡದಲ್ಲಿ ಗೀಚಿಟ್ಟ ಟಿಪ್ಪಣಿಗಳು. ಇಷ್ಟನ್ನೂ ಗೂಗಲ್‌ನ ಕೀಪ್ (ಟಿಪ್ಪಣಿಗೆ), ಟಾಸ್ಕ್ಸ್ (ಕೆಲಸದ ಪಟ್ಟಿಗೆ), ಕ್ಯಾಲೆಂಡರ್ ಮೂರಕ್ಕೆ, ಆಮೇಲೆ ಟಿಪ್ಪಣಿ, ಕೋಷ್ಟಕ ಎರಡನ್ನೂ ಇಡುವ ನೋಷನ್‌ಗೆ, ಆಮೇಲೆ ಟಿಪ್ಪಣಿಯ ಆ್ಯಪ್ ಆದ ಅಬ್ಸಿಡಿಯನ್‌ಗೆ ಹಾಕಿ, ಕೆಲಸದ ಪಟ್ಟಿಗೆ ಮಾತ್ರ ಟೂಡೂಯಿಸ್ಟನ್ನೂ ಸೇರಿಸಿ ತೂಗಿ ನೋಡಿದ್ದು ಈ ಹೋಲಿಕೆ.

ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಎಲ್ಲಕ್ಕೂ ಒಂದೇ ಆ್ಯಪ್ ಎಂಬ ಆಸೆ ಬಿಡಬೇಕು. ಹೊತ್ತಿಗೆ ಸರಿಯಾಗಿ ಎಚ್ಚರಿಸಬೇಕಾದ್ದು ಗೂಗಲ್ ಕ್ಯಾಲೆಂಡರ್‌ಗೆ ಹೋಗಲಿ. ಮಾಡಿ ಮುಗಿಸಬೇಕಾದ್ದು ಟೂಡೂಯಿಸ್ಟ್‌ಗೆ ಹೋಗಲಿ, ಪಟ್ಟಿ ಚಿಕ್ಕದಿದ್ದರೆ ಗೂಗಲ್ ಟಾಸ್ಕ್ಸ್ ಸಾಕು. ಐದು ವರ್ಷದ ಮೇಲೆ ಹುಡುಕಿದರೂ ಕೈಗೆ ಸಿಗಬೇಕಾದ ಬರಹ ಅಬ್ಸಿಡಿಯನ್‌ನಲ್ಲಿರಲಿ. ನೋಷನ್ ಒಳ್ಳೆಯ ಸಾಧನವೇ, ಆದರೆ ಅದು ಗೆಲ್ಲುವ ಜಾಗ ಬೇರೆ.

ಕ್ಯಾಲೆಂಡರ್: 31ನೇ ತಾರೀಕೂ ತಿಥಿಯೂ

ಇಲ್ಲಿ ಪೈಪೋಟಿ ಕಡಿಮೆ. ಅಬ್ಸಿಡಿಯನ್ ತಾನಾಗಿ ಯಾವುದನ್ನೂ ನೆನಪಿಸುವುದಿಲ್ಲ. ನೋಷನ್‌ನಲ್ಲಿ ಒಂದು ದಿನಾಂಕಕ್ಕೆ ಒಂದೇ ರಿಮೈಂಡರ್. ಗೂಗಲ್ ಕ್ಯಾಲೆಂಡರ್‌ನಲ್ಲಾದರೆ ಒಂದು ಕಾರ್ಯಕ್ರಮಕ್ಕೆ ಐದು ಎಚ್ಚರಿಕೆ ಇಡಬಹುದು, ಅದೂ ನಾಲ್ಕು ವಾರ ಮುಂಚಿನಿಂದ. ವಿಮೆಯ ಕಂತಿಗೆ ಎರಡು ವಾರ ಮೊದಲು ಒಂದು, ಮೂರು ದಿನ ಮೊದಲು ಒಂದು, ಅದೇ ದಿನ ಬೆಳಿಗ್ಗೆ ಒಂದು ಇಟ್ಟರೆ ಹಣ ಹೊಂದಿಸಿಕೊಳ್ಳುವುದಕ್ಕೂ ಸಮಯ ಸಿಗುತ್ತದೆ.

ಆದರೆ ಎರಡು ಕಡೆ ಇದು ಕೈಕೊಡುತ್ತದೆ. ಪ್ರತಿ ತಿಂಗಳು 31ಕ್ಕೆ ಎಂದು ರಿಪೀಟ್ ಇಟ್ಟರೆ 30 ದಿನದ ತಿಂಗಳುಗಳನ್ನೂ ಫೆಬ್ರವರಿಯನ್ನೂ ಹಾರಿಸಿಬಿಡುತ್ತದೆ. ವರ್ಷಕ್ಕೆ 12 ಸಲ ಬರಬೇಕಾದ್ದು 7 ಸಲ ಬರುತ್ತದೆ. ಇದು ಆ್ಯಪ್‌ನ ದೋಷವಲ್ಲ. ಕ್ಯಾಲೆಂಡರ್‌ಗಳು ಪಾಲಿಸುವ ಆರ್‌ಎಫ್‌ಸಿ 5545 ಎಂಬ ನಿಯಮಾವಳಿಯಲ್ಲೇ, ಆ ತಿಂಗಳಲ್ಲಿ ಇಲ್ಲದ ತಾರೀಕನ್ನು ಬಿಟ್ಟುಬಿಡಬೇಕು ಎಂದಿದೆ. ತಿಂಗಳ ಕೊನೆಯ ಪಾವತಿಗಳನ್ನೆಲ್ಲ 28ಕ್ಕೆ ಇಟ್ಟರೆ ಈ ತೊಂದರೆಯಿಲ್ಲ.

ಎರಡನೆಯದು ತಿಥಿ. ವಾರ್ಷಿಕ ರಿಪೀಟ್ ಇಂಗ್ಲಿಷ್ ತಾರೀಕನ್ನು ಮಾತ್ರ ಬಲ್ಲದು. ಯುಗಾದಿಯನ್ನೇ ನೋಡಿ: 2023ರಲ್ಲಿ ಮಾರ್ಚ್ 22, 2024ರಲ್ಲಿ ಏಪ್ರಿಲ್ 9, 2025ರಲ್ಲಿ ಮಾರ್ಚ್ 30, 2026ರಲ್ಲಿ ಮಾರ್ಚ್ 19. ಚಾಂದ್ರಮಾನ ವರ್ಷ ಸುಮಾರು 11 ದಿನ ಚಿಕ್ಕದು, ಅಧಿಕಮಾಸ ಬಂದಾಗ ಒಮ್ಮೆಲೇ ಮುಂದಕ್ಕೆ ಜಿಗಿಯುತ್ತದೆ. ಹಾಗಾಗಿ ಶ್ರಾದ್ಧಕ್ಕೆ ವಾರ್ಷಿಕ ರಿಪೀಟ್ ಇಡಲೇಬಾರದು. ‘ತಿಥಿ’ ಎಂದೇ ಹೆಸರಿಟ್ಟು ಬೇರೆ ಕ್ಯಾಲೆಂಡರ್ ಮಾಡಿ, ಹೊಸ ಪಂಚಾಂಗ ಕೈಗೆ ಬಂದ ದಿನ ಆ ವರ್ಷದ್ದನ್ನೆಲ್ಲ ಕೂತು ತುಂಬಿಸಿ, ವಿವರಣೆಯಲ್ಲಿ ಮಾಸ, ಪಕ್ಷ, ತಿಥಿ ಬರೆದಿಡಿ. ಇಡೀ ದಿನದ ಕಾರ್ಯಕ್ರಮವಾಗಿಯೇ ನಮೂದಿಸಿ. ಗಂಟೆ ಹಾಕಿದರೆ, ಆ ಕ್ಯಾಲೆಂಡರನ್ನು ಹಂಚಿಕೊಂಡ ಅಮೆರಿಕದ ಅಣ್ಣನಿಗೆ ಅಲ್ಲಿನ ಸಮಯಕ್ಕೆ ಬದಲಾಗಿ, ಬೆಳಗಿನದು ಹಿಂದಿನ ದಿನ ಕಾಣುತ್ತದೆ. ಇನ್ನು ಅಲ್ಲಿನ ಸೂರ್ಯೋದಯಕ್ಕೆ ತಿಥಿಯೇ ಬೇರೆಯಾಗಬಹುದು, ಅದನ್ನು ಅವರು ಅಲ್ಲಿನ ಪಂಚಾಂಗದಲ್ಲೇ ನೋಡಿಕೊಳ್ಳಬೇಕು.

ಎಚ್ಚರಿಕೆ ಬರಲೇ ಇಲ್ಲ ಎಂಬ ದೂರಿಗೆ ಬಹುಪಾಲು ಕಾರಣ ಫೋನಿನ ಬ್ಯಾಟರಿ ಉಳಿತಾಯ. ಸೆಟ್ಟಿಂಗ್ಸ್, ಆ್ಯಪ್ಸ್, ಆಯಾ ಆ್ಯಪ್, ಬ್ಯಾಟರಿ ಎಂದು ಹೋಗಿ ‘ಅನ್‌ರಿಸ್ಟ್ರಿಕ್ಟೆಡ್’ ಮಾಡಿ. ಆಂಡ್ರಾಯ್ಡ್ 13ರಿಂದ ನೋಟಿಫಿಕೇಷನ್‌ಗೆ ಪ್ರತ್ಯೇಕ ಅನುಮತಿ ಬೇಕು. ಆಂಡ್ರಾಯ್ಡ್ 14ರಲ್ಲಿ ಹೊಸದಾಗಿ ಹಾಕಿದ ಎಷ್ಟೋ ಆ್ಯಪ್‌ಗಳಿಗೆ ‘ಅಲಾರ್ಮ್ಸ್ ಅಂಡ್ ರಿಮೈಂಡರ್ಸ್’ ಅನುಮತಿಯನ್ನು ನಾವೇ ಕೊಡಬೇಕು. ಇವೆಲ್ಲ ಆದಮೇಲೆ ಹತ್ತು ನಿಮಿಷ ಮುಂದಕ್ಕೆ ಒಂದು ಸುಳ್ಳು ಕೆಲಸ ಹಾಕಿ, ಸ್ಕ್ರೀನ್ ಆರಿಸಿ ಇಟ್ಟು ನೋಡಿ. ಆಗ ಸದ್ದಾದರೆ ಮಾತ್ರ ನಂಬಬಹುದು.

ಕೆಲಸದ ಪಟ್ಟಿ

ಇಲ್ಲಿ ತೂಗಬೇಕಾದ್ದು ಒಂದೇ ಗುಣ: ಮರುಕಳಿಸುವ ಕೆಲಸವನ್ನು ಎಲ್ಲಿಂದ ಎಣಿಸುತ್ತದೆ? ವಿಮೆಯ ಕಂತು ನಾವು ಯಾವಾಗ ಕಟ್ಟಿದರೂ ಮುಂದಿನದು ಅದೇ ತಾರೀಕಿಗೆ ಬರಬೇಕು. ಫಿಲ್ಟರ್ ಹಾಗಲ್ಲ. ಹದಿನೈದು ದಿನ ತಡವಾಗಿ ಬದಲಿಸಿದರೆ ಮುಂದಿನ ಮೂರು ತಿಂಗಳು ಬದಲಿಸಿದ ದಿನದಿಂದ ಶುರುವಾಗಬೇಕು. ಗ್ಯಾಸ್ ಬುಕಿಂಗ್ ಕೂಡ ಹೀಗೆಯೇ.

ಟೂಡೂಯಿಸ್ಟ್ ಈ ಎರಡನ್ನೂ ಬಲ್ಲದು. ಇಂಗ್ಲಿಷ್‌ನಲ್ಲಿ ‘ಎವ್ರಿ 3 ಮಂತ್ಸ್’ ಎಂದು ಟೈಪ್ ಮಾಡಿದರೆ ನಿಗದಿತ ತಾರೀಕಿನಿಂದ ಎಣಿಕೆ. ‘ಎವ್ರಿ’ ಪದಕ್ಕೆ ಅಂಟಿಸಿ ಒಂದು ಆಶ್ಚರ್ಯಸೂಚಕ ಹಾಕಿದರೆ, ‘ಎವ್ರಿ! 3 ಮಂತ್ಸ್’, ಕೆಲಸ ಮುಗಿಸಿ ಗುರುತು ಹಾಕಿದ ದಿನದಿಂದ ಎಣಿಕೆ. ಆ ಒಂದು ಚಿಹ್ನೆಗಾಗಿಯೇ ಟೂಡೂಯಿಸ್ಟ್ ಇಟ್ಟುಕೊಳ್ಳಬಹುದು. ಗೂಗಲ್ ಟಾಸ್ಕ್ಸ್‌ನಲ್ಲಿ ಈ ಸೌಲಭ್ಯವಿಲ್ಲ, ನಿಗದಿತ ತಾರೀಕಷ್ಟೇ. ನೋಷನ್‌ನಲ್ಲಿ ಟೆಂಪ್ಲೇಟನ್ನು ದಿನ, ವಾರ, ತಿಂಗಳಿಗೊಮ್ಮೆ ತಾನಾಗಿ ಸೃಷ್ಟಿಯಾಗುವಂತೆ ಇಡಬಹುದು. ಅಲ್ಲೂ ಹಳೆಯದು ಮುಗಿದಿರಲಿ ಬಿಡಲಿ ಹೊಸದೊಂದು ಬಂದು ಕೂರುತ್ತದೆ, ಎರಡು ತಿಂಗಳು ಗಮನಿಸದಿದ್ದರೆ ವಾರದ ಒಂದೇ ಕೆಲಸದ ಎಂಟೊಂಬತ್ತು ಪ್ರತಿಗಳು ಸಾಲುಗಟ್ಟುತ್ತವೆ.

ಟೂಡೂಯಿಸ್ಟ್‌ಗೆ ಕೊರತೆಗಳೂ ಉಂಟು. ಉಚಿತ ಖಾತೆಯಲ್ಲಿ ಐದೇ ಪ್ರಾಜೆಕ್ಟ್. ಮನೆ, ಕಚೇರಿ, ಹಣಕಾಸು, ಊರು, ಇತರೆ ಎಂದು ಹಂಚಿದರೆ ಅಲ್ಲಿಗೆ ಮುಗಿಯಿತು. ಇನ್ನೂ ಒಡೆಯಬೇಕಿದ್ದರೆ ಸೆಕ್ಷನ್ ಮತ್ತು ಲೇಬಲ್ ಬಳಸಿ. ಕೆಲಸದ ಹೆಸರನ್ನು ಕನ್ನಡದಲ್ಲಿ ಬರೆಯಬಹುದು, ಆದರೆ ತಾರೀಕನ್ನು ಕನ್ನಡದಲ್ಲಿ ಬರೆದರೆ ಅದಕ್ಕೆ ತಿಳಿಯದು. ‘ನಾಳೆ ಸಂಜೆ’ ಎಂದರೆ ಅದೂ ಹೆಸರಿನ ಭಾಗವಾಗಿಯೇ ಉಳಿದು, ಕೆಲಸ ತಾರೀಕಿಲ್ಲದೆ ಇನ್‌ಬಾಕ್ಸ್‌ನಲ್ಲಿ ಬಿದ್ದಿರುತ್ತದೆ. ‘ಹಾಲಿನ ಲೆಕ್ಕ’ ಎಂದು ಕನ್ನಡದಲ್ಲಿ ಬರೆದು, ಕೀಬೋರ್ಡ್ ಬದಲಿಸಿ, ಇಂಗ್ಲಿಷ್‌ನಲ್ಲಿ ‘ಟುಮಾರೋ 6 ಪಿಎಂ’ ಸೇರಿಸಬೇಕು. ತಾರೀಕು ಬಣ್ಣ ಬದಲಿಸಿ ಎದ್ದು ಕಂಡರೆ ಅದಕ್ಕೆ ಅರ್ಥವಾಗಿದೆ ಎಂದು ಗುರುತು.

ಅಡುಗೆಮನೆಯ ಸಾಮಾನಿನ ಪಟ್ಟಿಗೆ ಇಷ್ಟೆಲ್ಲ ಬೇಡ. ಕೀಪ್‌ನ ಚೆಕ್‌ಲಿಸ್ಟನ್ನು ಮನೆಯವರೊಂದಿಗೆ ಹಂಚಿಕೊಂಡರೆ ಸಾಕು. ಗಂಡ ಅಂಗಡಿಯಲ್ಲಿ ಗುರುತು ಹಾಕಿದ್ದು ಹೆಂಡತಿಗೆ ಆ ಕ್ಷಣ ಕಾಣುತ್ತದೆ.

ಟಿಪ್ಪಣಿ: ಕನ್ನಡ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ

ಕೀಪ್ ತೆರೆಯುವುದು ಬಲು ಬೇಗ. ದಾರಿಯಲ್ಲಿ ನಿಂತು ಬರೆದುಕೊಳ್ಳಲು ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಅದು ಚೀಟಿ, ಪುಸ್ತಕವಲ್ಲ. ಒಂದು ಟಿಪ್ಪಣಿಗೆ ಸುಮಾರು 20,000 ಅಕ್ಷರಗಳ ಮಿತಿ, ಲೇಬಲ್‌ಗಳಿಗೂ ಒಂದು ಮಿತಿ. ಅಳಿಸಿದ್ದು ಕಸದಬುಟ್ಟಿಯಲ್ಲಿ ಏಳೇ ದಿನ ಇರುತ್ತದೆ. ನೋಷನ್‌ನ ಬಲ ಕೋಷ್ಟಕದಲ್ಲಿದೆ. ಮನೆ ಕಟ್ಟಿಸುವ ಲೆಕ್ಕವಿಡುವಾಗ ಸಾಮಾನು, ಅಂಗಡಿ, ದರ, ಮುಂಗಡ, ಬಾಕಿ ಎಂದು ಕಾಲಂ ಮಾಡಿ, ಬಾಕಿ ಇರುವವರನ್ನಷ್ಟೇ ಸೋಸಿ ನೋಡುವಂಥ ಕೆಲಸದಲ್ಲಿ ಉಳಿದಿಬ್ಬರೂ ಅದರ ಹತ್ತಿರ ಬರಲಾರರು. ಆದರೆ ಉಚಿತ ಖಾತೆಯಲ್ಲಿ ಒಂದು ಕಡತ 5 ಎಂಬಿ ಮೀರುವಂತಿಲ್ಲ, ಫೋನಿನಲ್ಲಿ ಸ್ಕ್ಯಾನ್ ಮಾಡಿದ ಹತ್ತು ಪುಟದ ಕ್ರಯಪತ್ರ ಸುಲಭವಾಗಿ ಅದನ್ನು ದಾಟುತ್ತದೆ. ಆಫ್‌ಲೈನ್ ಸೌಲಭ್ಯ 2025ರಲ್ಲಿ ಬಂತು, ಆದರೂ ಉಚಿತ ಖಾತೆಯಲ್ಲಿ ಬೇಕಾದ ಪುಟಗಳನ್ನು ಒಂದೊಂದಾಗಿ ನೀವೇ ಗುರುತು ಮಾಡಿಡಬೇಕು. ಮಲೆನಾಡಿನ ಊರಿಗೆ ಹೋಗಿ ಸಿಗ್ನಲ್ ಹೋದಮೇಲೆ ನೆನಪಾದರೆ ಪ್ರಯೋಜನವಿಲ್ಲ.

ಅಬ್ಸಿಡಿಯನ್ ನಿಮ್ಮ ಬರಹವನ್ನು ನಿಮ್ಮದೇ ಫೋಲ್ಡರ್‌ನಲ್ಲಿ ಸಾದಾ ಪಠ್ಯದ ಮಾರ್ಕ್‌ಡೌನ್ ಕಡತಗಳಾಗಿ ಇಡುತ್ತದೆ. ಆ್ಯಪ್ ನಾಳೆ ನಿಂತುಹೋದರೂ ನೋಟ್‌ಪ್ಯಾಡ್‌ನಲ್ಲಿ ತೆರೆದು ಓದಬಹುದು. ಇದು ದೂರದ ಭಯವೇನಲ್ಲ. ವಂಡರ್‌ಲಿಸ್ಟ್ 2020ರ ಮೇ 6ಕ್ಕೆ ಬಾಗಿಲು ಹಾಕಿತು, ಎವರ್‌ನೋಟ್ 2023ರ ಕೊನೆಗೆ ಉಚಿತ ಖಾತೆಗಳನ್ನು 50 ಟಿಪ್ಪಣಿ, ಒಂದು ನೋಟ್‌ಬುಕ್‌ಗೆ ಇಳಿಸಿತು.

ಕನ್ನಡದವರಿಗೆ ಇದಕ್ಕಿಂತ ಮುಖ್ಯವಾದದ್ದು ಹುಡುಕಾಟ. ನಮ್ಮ ಪದಗಳು ಪ್ರತ್ಯಯ ಹತ್ತಿದಾಗ ಕೊನೆಯಲ್ಲಿ ರೂಪ ಬದಲಿಸುತ್ತವೆ. ‘ಬ್ಯಾಂಕ್’ ಎಂದು ಹುಡುಕಿದರೆ ‘ಬ್ಯಾಂಕಿಗೆ’, ‘ಬ್ಯಾಂಕಿನಲ್ಲಿ’ ಎಂದಿರುವ ಟಿಪ್ಪಣಿ ಸಿಗುವುದಿಲ್ಲ, ಏಕೆಂದರೆ ಅಲ್ಲಿ ಕ್ ಇಲ್ಲ, ಕಿ ಇದೆ. ಅಬ್ಸಿಡಿಯನ್ ಪದದ ತುಣುಕನ್ನೂ ಹೊಂದಿಸಿ ನೋಡುವುದರಿಂದ ಕೊನೆಯ ಅರ್ಧಾಕ್ಷರದ ಚಿಹ್ನೆ ಬಿಟ್ಟು ‘ಬ್ಯಾಂಕ’ ಎಂದು ಟೈಪ್ ಮಾಡಿ. ‘ಬ್ಯಾಂಕ್’, ‘ಬ್ಯಾಂಕಿಗೆ’, ‘ಬ್ಯಾಂಕ್‌ಗೆ’ ಎಲ್ಲವೂ ಒಟ್ಟಿಗೆ ಬರುತ್ತವೆ. ‘ಊರು’ ಬದಲು ‘ಊರ’, ‘ಹಾಲು’ ಬದಲು ‘ಹಾಲ’. ಆದೇಶ ಸಂಧಿಗೆ ಮಾತ್ರ ಈ ಉಪಾಯ ನಡೆಯದು: ‘ಕಾಲ’ ಎಂದು ಹುಡುಕಿದರೆ ‘ಮಳೆಗಾಲ’ ಸಿಗದು.

ಕಣ್ಣಿಗೆ ಕಾಣದ ಇನ್ನೊಂದು ಅಡ್ಡಿಯಿದೆ. ‘ಸಾಫ್ಟ್‌ವೇರ್’ ಎಂಬಲ್ಲಿ ವ ಒತ್ತಾಗದಂತೆ ತಡೆಯಲು ನಡುವೆ ಅಗಲವೇ ಇಲ್ಲದ ಒಂದು ಅಕ್ಷರ ಕೂತಿದೆ. ಅದಿಲ್ಲದಿದ್ದರೆ ‘ಸಾಫ್ಟ್ವೇರ್’. ಒಂದನ್ನು ಹುಡುಕಿದರೆ ಇನ್ನೊಂದು ಸಿಗದು, ‘ಸಾಫ್ಟ’ ಎಂದರೆ ಎರಡೂ ಸಿಗುತ್ತವೆ. ‘ಕಾರ್ಯ’ ಮತ್ತು ‘ಕಾರ‍್ಯ’ ಕೂಡ ಯಂತ್ರಕ್ಕೆ ಬೇರೆ ಬೇರೆ ಪದಗಳೇ. ಅಂಕಿಗಳನ್ನು ಒಮ್ಮೆ ೨೦೨೬, ಒಮ್ಮೆ 2026 ಎಂದು ಬರೆದರೂ ಅದೇ ಕತೆ. ಯಾವುದಾದರೂ ಒಂದು ರೂಢಿಯನ್ನು ಹಿಡಿದು ಫೋನು, ಕಂಪ್ಯೂಟರ್ ಎರಡರಲ್ಲೂ ಅದನ್ನೇ ಪಾಲಿಸಿ. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟ್‌ನ ಕಡತಗಳಿದ್ದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ಹಾಗೇ ಅಂಟಿಸಿದರೆ ಯಾವ ಆ್ಯಪ್‌ನಲ್ಲೂ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ, ಹುಡುಕಲೂ ಬಾರದು.

ಅಬ್ಸಿಡಿಯನ್‌ನಲ್ಲಿ ಟಿಪ್ಪಣಿಯ ಶೀರ್ಷಿಕೆಯೇ ಕಡತದ ಹೆಸರು. ಆಂಡ್ರಾಯ್ಡ್ ಮತ್ತು ಲಿನಕ್ಸ್‌ನಲ್ಲಿ ಹೆಸರಿಗೆ 255 ಬೈಟ್ ಮಿತಿ. ಇಂಗ್ಲಿಷ್ ಅಕ್ಷರ ಒಂದೊಂದೇ ಬೈಟ್, ಕನ್ನಡದ ಪ್ರತಿ ಸಂಕೇತ ಮೂರು ಬೈಟ್. ಗುಣಿತ, ಒತ್ತು, ಅರ್ಧಾಕ್ಷರದ ಚಿಹ್ನೆ ಎಲ್ಲವೂ ಬೇರೆ ಬೇರೆ ಲೆಕ್ಕ. ‘ಸ್ತ್ರೀ’ ನೋಡಲು ಒಂದಕ್ಷರ, ಒಳಗೆ ಆರು ಸಂಕೇತ, 18 ಬೈಟ್. ಕಡತದ ಬಾಲಕ್ಕೆ (.md) ಮೂರು ಬೈಟ್ ಹೋದರೆ ಉಳಿಯುವುದು 84 ಸಂಕೇತ, ಅಂದರೆ ಸುಮಾರು 40 ಅಕ್ಷರ. ವಿಂಡೋಸ್‌ನಲ್ಲಿ ಎಣಿಕೆಯ ರೀತಿಯೇ ಬೇರೆ, ಅಲ್ಲಿ ಇನ್ನೂ ಉದ್ದದ ಹೆಸರು ನಡೆಯುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿದ್ದ ಟಿಪ್ಪಣಿ ಫೋನಿಗೆ ಮಾತ್ರ ಬರುತ್ತಿಲ್ಲ ಎಂದಾದರೆ ಮೊದಲು ಹೆಸರು ಕಿರಿದು ಮಾಡಿ ನೋಡಿ. ದಿನಚರಿಗೆ 2026-03-19 ಎಂಬ ಮಾದರಿಯ ಹೆಸರಿಟ್ಟರೆ ಕಾಲಾನುಕ್ರಮದಲ್ಲಿ ತಾವೇ ಜೋಡಣೆಯಾಗುತ್ತವೆ.

ಅಬ್ಸಿಡಿಯನ್‌ನ ನಿಜವಾದ ತಲೆನೋವು ಸಿಂಕ್, ಅಂದರೆ ಫೋನು, ಕಂಪ್ಯೂಟರ್ ಎರಡರಲ್ಲೂ ಒಂದೇ ಪ್ರತಿ ಇರುವಂತೆ ನೋಡಿಕೊಳ್ಳುವುದು. ಅದರದೇ ಸೇವೆ ವರ್ಷಕ್ಕೊಮ್ಮೆ ಕಟ್ಟಿದರೆ ತಿಂಗಳಿಗೆ 4 ಡಾಲರ್‌ನಿಂದ ಶುರು. ಐಫೋನ್, ಮ್ಯಾಕ್ ಎರಡೇ ಇದ್ದರೆ ಐಕ್ಲೌಡ್ ಸಾಕು. ಆಂಡ್ರಾಯ್ಡ್ ಮತ್ತು ವಿಂಡೋಸ್ ನಡುವೆ ಸಿಂಕ್‌ಥಿಂಗ್ ಉಚಿತ. ಅದರ ಮೂಲ ಆಂಡ್ರಾಯ್ಡ್ ಆ್ಯಪ್ 2024ರ ಕೊನೆಗೆ ನಿಂತಿದೆ, ಈಗ ಬಳಸುವುದು ಸಿಂಕ್‌ಥಿಂಗ್-ಫೋರ್ಕ್. ಒಂದೇ ಟಿಪ್ಪಣಿಯನ್ನು ಎರಡೂ ಕಡೆ ತಿದ್ದಿದರೆ, ಹೆಸರಿನಲ್ಲಿ ‘ಸಿಂಕ್-ಕಾನ್‌ಫ್ಲಿಕ್ಟ್’ ಎಂದಿರುವ ಜೋಡಿ ಕಡತ ಹುಟ್ಟುತ್ತದೆ. ಅದನ್ನು ಕಂಡ ಕೂಡಲೇ ಅಳಿಸಬೇಡಿ, ಒಳಗೆ ಬೇಕಾದ ಸಾಲು ಇರಬಹುದು. ಒಂದೇ ಫೋಲ್ಡರ್‌ಗೆ ಎರಡು ಸಿಂಕ್ ಸೇವೆ ಹಾಕುವುದಂತೂ ಬೇಡವೇ ಬೇಡ. ಆಂಡ್ರಾಯ್ಡ್‌ನಲ್ಲಿ ಮೊದಲ ಸಲ ವಾಲ್ಟ್ (ಟಿಪ್ಪಣಿಗಳ ಫೋಲ್ಡರ್) ಮಾಡುವಾಗ ‘ಡಿವೈಸ್ ಸ್ಟೋರೇಜ್’ ಆರಿಸಿ. ‘ಆ್ಯಪ್ ಸ್ಟೋರೇಜ್’ ಆರಿಸಿದ್ದರೆ ಆ್ಯಪ್ ತೆಗೆದುಹಾಕಿದ ಗಳಿಗೆಯಲ್ಲೇ ಟಿಪ್ಪಣಿಗಳೂ ಹೋಗುತ್ತವೆ.

ಹೊರಗೆ ತೆಗೆಯುವ ದಾರಿ

ಕೀಪ್‌ನ ಟಿಪ್ಪಣಿಗಳು ಗೂಗಲ್ ಟೇಕ್‌ಔಟ್ ಎಂಬ ಸೇವೆಯ ಮೂಲಕ ಸಿಗುತ್ತವೆ. ಪ್ರತಿ ಟಿಪ್ಪಣಿಗೂ ಒಂದು ಎಚ್‌ಟಿಎಂಎಲ್, ಒಂದು ಜೇಸನ್ ಕಡತ. ಆ ಜಿಪ್ಪನ್ನು ಅಬ್ಸಿಡಿಯನ್‌ನ ಇಂಪೋರ್ಟರ್ ಪ್ಲಗಿನ್‌ಗೆ ಹಾಗೇ ಕೊಡಬಹುದು. ನೋಷನ್ ಮಾರ್ಕ್‌ಡೌನ್ ಮತ್ತು ಸಿಎಸ್‌ವಿ (ಸಾದಾ ಪಠ್ಯದ ಕೋಷ್ಟಕ) ಕೊಡುತ್ತದೆ, ಆದರೆ ಕಡತದ ಹೆಸರಿನ ಕೊನೆಗೆ 32 ಅಕ್ಷರಗಳ ಗುರುತು ಅಂಟಿರುತ್ತದೆ, ಕೋಷ್ಟಕದ ಸೂತ್ರಗಳು ಬರಿಯ ಬೆಲೆಗಳಾಗಿ ಉಳಿಯುತ್ತವೆ. ಆ ಸಿಎಸ್‌ವಿಯನ್ನು ಎಕ್ಸೆಲ್‌ನಲ್ಲಿ ತೆರೆದಾಗ ಕನ್ನಡ ಕೆಟ್ಟು ಕಂಡರೆ, ಡೇಟಾ ಮೆನುವಿನಲ್ಲಿ ‘ಫ್ರಂ ಟೆಕ್ಸ್ಟ್/ಸಿಎಸ್‌ವಿ’ ಮೂಲಕ ತಂದು ಯುಟಿಎಫ್-8 (65001) ಆರಿಸಿ. ಗೂಗಲ್ ಕ್ಯಾಲೆಂಡರ್‌ನ ಎಕ್ಸ್‌ಪೋರ್ಟ್ ಫೋನಿನ ಆ್ಯಪ್‌ನಲ್ಲಿ ಇಲ್ಲ. ಕಂಪ್ಯೂಟರಿನ ಬ್ರೌಸರ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ‘ಇಂಪೋರ್ಟ್ ಅಂಡ್ ಎಕ್ಸ್‌ಪೋರ್ಟ್’ ಒತ್ತಿದರೆ ಪ್ರತಿ ಕ್ಯಾಲೆಂಡರ್‌ಗೂ ಒಂದೊಂದು ಐಸಿಎಸ್ (ಕ್ಯಾಲೆಂಡರ್) ಕಡತವಿರುವ ಜಿಪ್ ಇಳಿಯುತ್ತದೆ.

ಬ್ಯಾಂಕಿನ ಪಿನ್, ಪಾಸ್‌ವರ್ಡ್ ಈ ಯಾವುದರಲ್ಲೂ ಬರೆದಿಡಬೇಡಿ. ಅದಕ್ಕೆ ಪಾಸ್‌ವರ್ಡ್ ಮ್ಯಾನೇಜರ್ ಇದೆ.

ಯಾವುದನ್ನೇ ಆರಿಸುವ ಮುಂಚೆ ಹತ್ತು ನಿಮಿಷದ ಒಂದು ಪರೀಕ್ಷೆ ಮಾಡಿ. ಐದು ಟಿಪ್ಪಣಿ ಬರೆಯಿರಿ: ಒಂದರಲ್ಲಿ ‘ಬ್ಯಾಂಕಿಗೆ’, ಒಂದರಲ್ಲಿ ‘ಬ್ಯಾಂಕ್‌ನಲ್ಲಿ’, ಒಂದರಲ್ಲಿ ‘ಸಾಫ್ಟ್‌ವೇರ್’, ಒಂದರಲ್ಲಿ ಕನ್ನಡ ಅಂಕಿ, ಒಂದಕ್ಕೆ 50 ಅಕ್ಷರದ ಶೀರ್ಷಿಕೆ. ಇಂಟರ್ನೆಟ್ ನಿಲ್ಲಿಸಿ ‘ಬ್ಯಾಂಕ’ ಎಂದು ಹುಡುಕಿ. ಎರಡೂ ಬಂದವೇ ನೋಡಿ. ಮತ್ತೆ ಇಂಟರ್ನೆಟ್ ಹಾಕಿ ಇನ್ನೊಂದು ಸಾಧನದಲ್ಲಿ ಐದೂ ಇವೆಯೇ ಎಣಿಸಿ. ಕೊನೆಗೆ ಎಕ್ಸ್‌ಪೋರ್ಟ್ ಮಾಡಿ, ಇಳಿದ ಕಡತವನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಕನ್ನಡ ಸರಿಯಾಗಿ ಓದಲು ಬರುತ್ತದೆಯೇ ನೋಡಿ. ಇದರಲ್ಲಿ ಎರಡು ಕಡೆ ಎಡವಿದ ಆ್ಯಪ್‌ಗೆ ಚೀಟಿಗಿಂತ ಹೆಚ್ಚಿನದನ್ನು ಒಪ್ಪಿಸಬೇಡಿ.