ಬೆಕ್ಕಿನ ಚಿಗಟಕ್ಕೆ ಸೆಲಮೆಕ್ಟಿನ್ ಟ್ಯೂಬು: ನಾಲ್ಕು ತಿಂಗಳು ಹಾಕಿದ ಮೇಲೆ ಬರೆಯುತ್ತಿದ್ದೇನೆ

ಮೊದಲೇ ಹೇಳಿಬಿಡುತ್ತೇನೆ. ಮೂರನೇ ವಾರದಲ್ಲಿ ಈ ವಿಮರ್ಶೆ ಬರೆದಿದ್ದರೆ ಒಂದೇ ಒಂದು ಸ್ಟಾರ್ ಕೊಟ್ಟು ಬೈದು ಹೋಗಿರುತ್ತಿದ್ದೆ. ಈಗ ನಾಲ್ಕೂವರೆ ಕೊಡುತ್ತಿದ್ದೇನೆ. ಔಷಧಿ ಅದೇ, ಬೆಕ್ಕುಗಳೂ ಅವೇ.

ಬೆಕ್ಕುಗಳು ಎರಡು. ಕರಿಯ ಪೂರ್ತಿ ಕಪ್ಪು, ಚಿನ್ನಿ ಪೂರ್ತಿ ಬಿಳಿ. ಇಬ್ಬರೂ ಹೊಸ್ತಿಲು ದಾಟುವುದು ಡಾಕ್ಟರ ಹತ್ತಿರ ಹೋಗುವಾಗ ಮಾತ್ರ, ಅದೂ ಬುಟ್ಟಿಯೊಳಗೆ ಕೂತು. ಹಾಗಾಗಿ ಚಿನ್ನಿ ಬಾಲದ ಬುಡ ಕಚ್ಚಿಕೊಳ್ಳಲು ಶುರು ಮಾಡಿದಾಗ ಚಿಗಟದ ಯೋಚನೆಯೇ ಬರಲಿಲ್ಲ. ಬೆನ್ನು ಸವರಿದರೆ ಬೆರಳಿಗೆ ಸಣ್ಣ ಸಣ್ಣ ಹಕ್ಕಳೆ ಸಿಗುತ್ತಿತ್ತು. ಚರ್ಮ ಒಣಗಿದೆ ಅಂದುಕೊಂಡು ಎರಡು ವಾರ ಕಳೆದೆ. ಆಮೇಲೆ ಅವಳ ಬಿಳಿ ಕೂದಲಲ್ಲಿ ಮೆಣಸಿನ ಪುಡಿಯಂಥ ಕಪ್ಪು ಚುಕ್ಕೆ ಕಂಡಿತು. ಒದ್ದೆ ಬಿಳಿ ಕಾಗದದ ಮೇಲೆ ಉದುರಿಸಿದೆ. ಮಣ್ಣಾಗಿದ್ದರೆ ಹಾಗೇ ಇರುತ್ತದೆ. ಇದು ಸುತ್ತಲೂ ಕೆಂಪು ಬಿಟ್ಟಿತು. ಚಿಗಟದ ಹಿಕ್ಕೆ, ಅಂದರೆ ಅದು ಕುಡಿದು ಬಿಟ್ಟ ರಕ್ತ. ಕರಿಯನ ಮೈಮೇಲೆ ಎಷ್ಟು ದಿನದಿಂದ ಇತ್ತೋ, ಕಪ್ಪಿನ ಮೇಲೆ ಕಪ್ಪು ಕಾಣುವುದು ಹೇಗೆ?

"ಮನೆ ಬಿಟ್ಟು ಕದಲದ ಬೆಕ್ಕಿಗೆ ಚಿಗಟ ಎಲ್ಲಿಂದ ಬಂತು?" ಅಂತ ಅಮ್ಮ ಕೇಳಿದಳು, ನಾನೇ ತಂದು ಬಿಟ್ಟ ಹಾಗೆ. ಆಗ ಉತ್ತರ ಇರಲಿಲ್ಲ. ಆಮೇಲೆ ನೋಡಿದರೆ ನಿಜಕ್ಕೂ ನಾನೇ ತಂದಿದ್ದೆ. ಅದನ್ನು ಮುಂದೆ ಹೇಳುತ್ತೇನೆ.

ಡಾಕ್ಟರು ಇಬ್ಬರನ್ನೂ ತೂಗಿ ಸೆಲಮೆಕ್ಟಿನ್ ಟ್ಯೂಬು ಕೊಟ್ಟರು. ಕರಿಯ 5 ಕೆಜಿ, ಚಿನ್ನಿ 3 ಕೆಜಿ. 2.6ರಿಂದ 7.5 ಕೆಜಿವರೆಗಿನ ಬೆಕ್ಕಿಗೆ ಒಂದೇ ಅಳತೆ, 0.75 ಮಿಲಿ, ತಿಂಗಳಿಗೊಮ್ಮೆ. ಮುಕ್ಕಾಲು ಮಿಲಿ ಅಂದರೆ ಏನೂ ಇಲ್ಲ. ಇಷ್ಟರಲ್ಲಿ ಏನಾಗುತ್ತೆ ಅಂತ ನನಗೂ ಅನ್ನಿಸಿತ್ತು. ಇದು ಚರ್ಮದಿಂದ ರಕ್ತಕ್ಕೆ ಇಳಿದು, ಅಲ್ಲಿಂದ ಮತ್ತೆ ಚರ್ಮದ ಎಣ್ಣೆ ಗ್ರಂಥಿಗಳಿಗೆ ಬರುತ್ತದಂತೆ. ಕತ್ತಿನ ಹಿಂದೆ ಒಂದೇ ಕಡೆ ಹಾಕಿದರೂ ಬಾಲದ ತನಕ ಕೆಲಸ ಮಾಡುವುದು ಹಾಗೆ.

ಹಾಕುವುದು ಸುಲಭ, ಬೆಕ್ಕು ಒಪ್ಪಿದರೆ. ಟ್ಯೂಬನ್ನು ನೆಟ್ಟಗೆ ಹಿಡಿದು ಮುಚ್ಚಳವನ್ನು ಕೆಳಕ್ಕೆ ಒತ್ತಬೇಕು. 'ಟಕ್' ಅಂದರೆ ಒಳಗಿನ ಸೀಲು ಒಡೆಯಿತು ಅಂತ ಅರ್ಥ. ಭುಜಕ್ಕಿಂತ ಮೇಲೆ, ಕತ್ತಿನ ಬುಡದಲ್ಲಿ, ನಾಲಿಗೆ ತಲುಪದ ಜಾಗದಲ್ಲಿ ಕೂದಲು ಬಿಡಿಸಿ ಚರ್ಮದ ಮೇಲೇ ಹಿಂಡಬೇಕು. ಮೊದಲ ಸಲ ನಾನು ಅರ್ಧ ಔಷಧಿಯನ್ನು ಕರಿಯನ ಕೂದಲಿಗೇ ಬಳಿದೆ. ಅವನು ಕೊಡವಿಕೊಂಡ. ಚಿನ್ನಿ ಬಂದು ಅವನ ಕತ್ತು ನೆಕ್ಕಿ ಬಾಯ್ತುಂಬ ಜೊಲ್ಲು ಸುರಿಸಿದಳು. ಗಾಬರಿಯಾಗಿ ಡಾಕ್ಟರಿಗೆ ಫೋನ್ ಮಾಡಿದೆ. ಕಹಿಗೆ ಹಾಗಾಗುತ್ತೆ, ಒಣಗುವ ತನಕ ಇಬ್ಬರನ್ನೂ ಬೇರೆ ಬೇರೆ ಕೋಣೆಯಲ್ಲಿ ಇಡಿ ಅಂದರು. ಇದನ್ನು ಡಬ್ಬದ ಮೇಲೆ ದೊಡ್ಡದಾಗಿ ಬರೆಯಬಾರದಾ? ಕಡಿತ ಮಾಡಿದ ಅರ್ಧ ಸ್ಟಾರ್‌ನಲ್ಲಿ ಒಂದು ಪಾಲು ಇದಕ್ಕೆ. ಸ್ಪಿರಿಟ್ ವಾಸನೆಯೂ ಇದೆ, ಅದು ಬೇಗ ಹೋಗುತ್ತದೆ. ಹಾಕಿದ ಜಾಗದ ಕೂದಲು ಒಂದು ದಿನ ಅಂಟಂಟಾಗಿ ಕಡ್ಡಿ ಹಾಗೆ ನಿಂತಿತ್ತು.

ಎರಡು ದಿನಕ್ಕೆ ಬಾಚಣಿಗೆಗೆ ಸತ್ತ ಚಿಗಟ ಸಿಕ್ಕವು. ಖುಷಿಯಾಯಿತು. ಮೂರನೇ ವಾರಕ್ಕೆ ಮತ್ತೆ ಜೀವಂತ ಚಿಗಟ! ನಕಲಿ ಮಾಲು ಅಂತ ತೀರ್ಮಾನ ಮಾಡಿ ಡಾಕ್ಟರ ಮುಂದೆ ಹೋಗಿ ನಿಂತೆ. ಅವರು ಔಷಧಿ ವಿಷಯಕ್ಕೇ ಬರಲಿಲ್ಲ. "ಮನೆಗೆ ಏನು ಮಾಡಿದಿರಿ?" ಅಂತ ಕೇಳಿದರು. ಏನೂ ಮಾಡಿರಲಿಲ್ಲ.

ಒಂದು ಹೆಣ್ಣು ಚಿಗಟ ದಿನಕ್ಕೆ 40-50 ಮೊಟ್ಟೆ ಇಡಬಲ್ಲದು. ಹೇನಿನ ಸೀರಿನ ಹಾಗೆ ಅವು ಕೂದಲಿಗೆ ಅಂಟುವುದಿಲ್ಲ. ನುಣುಪಾಗಿರುತ್ತವೆ, ಬೆಕ್ಕು ಹೋದಲ್ಲೆಲ್ಲ ಉದುರುತ್ತವೆ. ಮರಿ ಹುಳು ಬೆಳಕಿಗೆ ಹೆದರಿ ರಗ್ಗಿನ ಬುಡಕ್ಕೆ, ಸೋಫಾ ಸಂದಿಗೆ ಸೇರಿಕೊಂಡು ಅದೇ ಕಪ್ಪು ಹಿಕ್ಕೆ ತಿಂದು ಬೆಳೆಯುತ್ತದೆ. ಆಮೇಲೆ ಗೂಡು ಕಟ್ಟುತ್ತದೆ. ಗೂಡು ಅಂಟಂಟು, ಮೇಲೆಲ್ಲ ಧೂಳು ಮೆತ್ತಿಕೊಳ್ಳುತ್ತದೆ, ಸಿಂಪಡಿಸುವ ಔಷಧಿ ಒಳಕ್ಕೆ ಇಳಿಯುವುದಿಲ್ಲ. ಅದರೊಳಗೆ ಚಿಗಟ ತಿಂಗಳುಗಟ್ಟಲೆ ಸುಮ್ನೆ ಕಾಯಬಲ್ಲದು. ಯಾರಾದರೂ ಬಂದು ಕೂತು, ಬಿಸಿಯೋ ಅದುರೋ ತಾಕಿದರೆ ಹೊರಗೆ ಹಾರುತ್ತದೆ.

ಇಷ್ಟು ಕೇಳಿದ ಮೇಲೆ ಕುರ್ಚಿ ನೆನಪಾಯಿತು. ನಾಯಿ ಸಾಕಿದ್ದ ಗೆಳೆಯನೊಬ್ಬ ಮನೆ ಬದಲಾಯಿಸುವಾಗ ಕೊಟ್ಟ ಮೆತ್ತನೆ ಕುರ್ಚಿ. ನಾನೇ ಹೊತ್ತು ತಂದಿದ್ದು. ಅದು ಮನೆಗೆ ಬಂದ ದಿನವೇ ಚಿನ್ನಿ ತನ್ನದು ಮಾಡಿಕೊಂಡಿದ್ದಳು. ಅಮ್ಮನಿಗೆ ಇದನ್ನು ಹೇಳಲು ಎರಡು ದಿನ ತೆಗೆದುಕೊಂಡೆ.

ಅಂದರೆ ಮೂರನೇ ವಾರ ಕಂಡವು ಗೂಡಿನಿಂದ ಆಗತಾನೆ ಬಂದ ಹೊಸಬರು. ಬೆಕ್ಕಿನ ಮೇಲೆ ಹಾರಿ, ಕಚ್ಚಿ, ಆಮೇಲೆ ಸಾಯುವಂಥವು. ಔಷಧಿ ತನ್ನ ಕೆಲಸ ಮಾಡುತ್ತಲೇ ಇತ್ತು. ಅವು ಇಟ್ಟ ಮೊಟ್ಟೆಯೂ ಒಡೆದು ಮರಿಯಾಗದಂತೆ ಇದು ತಡೆಯುತ್ತದೆ, ನನಗೆ ಇದರಲ್ಲಿ ಹಿಡಿಸಿದ್ದೇ ಅದು. ಹಳೇ ದಾಸ್ತಾನು ಖಾಲಿಯಾಗುವ ತನಕ ತಿಂಗಳು ತಪ್ಪಿಸದೆ ಹಾಕಬೇಕು, ಅಷ್ಟೇ. ಎರಡು ಬೆಕ್ಕಿದ್ದರೆ ಎರಡಕ್ಕೂ, ಒಂದೇ ದಿನ.

ಹೊದಿಕೆ, ದಿಂಬಿನ ಚೀಲ ಎಲ್ಲ 60 ಡಿಗ್ರಿ ಬಿಸಿನೀರಲ್ಲಿ ಒಗೆದೆ. ವ್ಯಾಕ್ಯೂಮ್ ದಿನ ಬಿಟ್ಟು ದಿನ ಓಡಿಸಿದೆ. ಅದರ ಅದುರಿಗೇ ಗೂಡಿನೊಳಗಿನವು ಹೊರಗೆ ಬರುತ್ತವೆ, ಆದ್ದರಿಂದ ಚೀಲವನ್ನು ಕೂಡಲೇ ಕಟ್ಟಿ ಹೊರಗೆ ಹಾಕಬೇಕು. ಹಲ್ಲು ಒತ್ತೊತ್ತಾಗಿರುವ ಚಿಗಟದ ಬಾಚಣಿಗೆ, ಪಕ್ಕದಲ್ಲಿ ಸೋಪಿನ ನೀರಿನ ಬಟ್ಟಲು, ಇದು ರಾತ್ರಿಯ ಕೆಲಸವಾಯಿತು. ನಿಜ ಹೇಳಬೇಕೆಂದರೆ ಈ ಬಾಚಣಿಗೆಗೇ ಬೇರೆ ವಿಮರ್ಶೆ ಬರೆಯಬಹುದು. ಐದಕ್ಕೆ ಐದು.

ಅರ್ಧ ಸ್ಟಾರ್‌ನ ಇನ್ನೊಂದು ಪಾಲು ಲಾಡಿಹುಳಕ್ಕೆ. ಮೈ ನೆಕ್ಕುವಾಗ ಚಿಗಟ ಹೊಟ್ಟೆಗೆ ಹೋದರೆ ಅದರ ಜೊತೆ ಲಾಡಿಹುಳವೂ ಹೋಗಬಹುದು. ಕರಿಯನಿಗೆ ಹೋಗಿತ್ತು. ಬಾಲದ ಕೆಳಗೆ ಅಕ್ಕಿ ಕಾಳಿನಂಥದ್ದು ಕಂಡಿತು. ಸೆಲಮೆಕ್ಟಿನ್ ದುಂಡುಹುಳಕ್ಕೆ, ಕಿವಿಯ ನುಸಿಗೆ ಆಗುತ್ತದೆ, ಇದಕ್ಕೆ ಆಗುವುದಿಲ್ಲ. ಪ್ರಾಜಿಕ್ವಾಂಟೆಲ್ ಮಾತ್ರೆ ಬೇರೆ ನುಂಗಿಸಬೇಕಾಯಿತು. ಆ ಮಾತ್ರೆಯ ಕತೆ ಇಲ್ಲಿ ಬೇಡ, ನನ್ನ ಮುಂಗೈ ಮೇಲೆ ಇನ್ನೂ ಗುರುತಿದೆ.

ಕುರ್ಚಿ ಕೊಟ್ಟ ಗೆಳೆಯ ನಾಯಿಗೆ ತಂದ ಔಷಧಿಯನ್ನೂ ಕೊಡಲು ಬಂದಿದ್ದ, "ಚಿಗಟ ಚಿಗಟವೇ ಅಲ್ವಾ" ಅಂತ. ಅದರಲ್ಲಿ ಪರ್ಮೆಥ್ರಿನ್ ಅನ್ನುವ ಕೀಟನಾಶಕ ಇತ್ತು. ಬೆಕ್ಕಿನ ಯಕೃತ್ತಿಗೆ ಅದನ್ನು ಅರಗಿಸಲು ಆಗುವುದಿಲ್ಲ. ನಡುಕ, ಫಿಟ್ಸ್ ಬಂದು ಸಾಯಲೂಬಹುದು. ದಯವಿಟ್ಟು ನಾಯಿಯ ಟ್ಯೂಬನ್ನು ಅರ್ಧ ಮಾಡಿ ಹಾಕುವ ಜಾಣತನ ಬೇಡ. ಟೀ ಟ್ರೀ ಎಣ್ಣೆಯೂ ಬೆಕ್ಕಿಗೆ ವಿಷವೇ.

ಈಗ ಐದು ವಾರದಿಂದ ಬಾಚಣಿಗೆಗೆ ಏನೂ ಸಿಕ್ಕಿಲ್ಲ. ಚಿನ್ನಿಯ ಬಾಲದ ಬುಡದಲ್ಲಿ ಕೂದಲು ತುಂಬಿಕೊಂಡಿದೆ. ಕುರ್ಚಿ ಹೋಯಿತು, ಅವಳಿಗೆ ಅದರ ಸಿಟ್ಟು ಇನ್ನೂ ಇದೆ. 'ಟಕ್' ಶಬ್ದ ಕೇಳಿದರೆ ಇಬ್ಬರೂ ಮಂಚದ ಕೆಳಗೆ. ಹಾಗಾಗಿ ಕಳೆದ ತಿಂಗಳು ಬಚ್ಚಲಮನೆಗೆ ಹೋಗಿ, ಬಾಗಿಲು ಹಾಕಿ, ನಲ್ಲಿ ಬಿಟ್ಟು, ಆಮೇಲೆ ಮುಚ್ಚಳ ಒತ್ತಿದೆ.