‘ರಿಸ್ಟೋರ್’ ಎಂದರೆ ಮರಳಿ ಕೊಡುವುದಲ್ಲ

ನಿಮ್ಮ ಐಫೋನ್ ಸೇಬಿನ ಲಾಂಛನದಲ್ಲೇ ನಿಂತುಬಿಟ್ಟಿದೆ, ಕಂಪ್ಯೂಟರಿಗೆ ಜೋಡಿಸಿದರೂ ಸರಿಹೋಗುತ್ತಿಲ್ಲ ಎಂದಾದರೆ ದಯವಿಟ್ಟು ಇನ್ನೊಂದು ಗುಂಡಿ ಒತ್ತುವ ಮೊದಲು ಇದನ್ನು ಓದಿ. ನಾನು ಎಲ್ಲ ಗುಂಡಿಗಳನ್ನೂ ಒತ್ತಿದ ಮೇಲೆ ಓದಲು ಕೂತವನು.

ನನ್ನದು 64 ಜಿಬಿಯ ಐಫೋನ್ 11. ಶಿರಸಿ ಕಡೆಯ ನಮ್ಮ ಹಳೆಯ ಮನೆ ಕೆಡವುವ ಮೊದಲು ಮೂಲೆ ಮೂಲೆಯ ಫೋಟೊ, ವಿಡಿಯೊ ತೆಗೆದುಕೊಂಡಿದ್ದೆ. ಜಾಗ ಮುಗಿಯಿತೆಂದು ಫೋನ್ ಹೇಳುತ್ತಲೇ ಇತ್ತು, ನಾನು ಆ ಸೂಚನೆಯನ್ನು ಸರಿಸುತ್ತಲೇ ಇದ್ದೆ. ಐಕ್ಲೌಡಿನಲ್ಲಿ ಪುಕ್ಕಟೆ ಸಿಗುವ 5 ಜಿಬಿ ಎಂದೋ ತುಂಬಿ, ಹನ್ನೊಂದು ತಿಂಗಳಿಂದ ಬ್ಯಾಕಪ್ ನಿಂತಿತ್ತು. ಕೊನೆಗೊಂದು ದಿನ ಫೋನನ್ನು ಆರಿಸಿ ಮತ್ತೆ ಹಚ್ಚಿದರೆ ಲಾಂಛನ ಬರುತ್ತದೆ, ಹೋಗುತ್ತದೆ, ಬರುತ್ತದೆ. ಒಳಗೆ ಉಸಿರಾಡಲು ಜಾಗವಿಲ್ಲದ ಫೋನ್ ಹೀಗೆ ಮಾಡುವುದುಂಟು. ತಪ್ಪು ನನ್ನದೇ.

ಲ್ಯಾಪ್‌ಟಾಪಿನಲ್ಲಿ ಐಟ್ಯೂನ್ಸ್ ತೆರೆದೆ; ಕಂಪ್ಯೂಟರಿನಿಂದ ಐಫೋನನ್ನು ನೋಡಿಕೊಳ್ಳುವ ಆಪಲ್‌ನ ತಂತ್ರಾಂಶ ಅದು. ಇದ್ದ ಎರಡು ಯುಎಸ್‌ಬಿ ಕಿಂಡಿಗಳಲ್ಲಿ ಒಂದು ಸಡಿಲ, ಇನ್ನೊಂದರಲ್ಲಿ ನಾಲ್ಕು ಬಾಯಿಯ ಹಬ್. ಆ ಹಬ್ಬಿಗೇ ಫೋನ್ ಸಿಕ್ಕಿಸಿದೆ. ಕೇಬಲ್ಲಾದರೂ ಬಸ್ ನಿಲ್ದಾಣದ ಎದುರು 150 ರೂಪಾಯಿಗೆ ಕೊಂಡದ್ದು. ಕುತ್ತಿಗೆಗೆ ಕಪ್ಪು ಟೇಪ್ ಸುತ್ತಿತ್ತು, ಒಂದು ಕೋನದಲ್ಲಿ ಬಾಗಿಸಿಟ್ಟರೆ ಮಾತ್ರ ಚಾರ್ಜ್ ಆಗುತ್ತಿತ್ತು. ಇದು ಮುಂದೆ ಮುಖ್ಯವಾಗುತ್ತದೆ, ನೆನಪಿಟ್ಟುಕೊಳ್ಳಿ.

ಐಫೋನ್ 8 ಮತ್ತು ಅದರ ನಂತರದ ಮಾದರಿಗಳಲ್ಲಿ ರಿಕವರಿ ಮೋಡಿಗೆ, ಅಂದರೆ ಏಳಲಾರದ ಫೋನನ್ನು ಕಂಪ್ಯೂಟರಿನಿಂದ ಸರಿಪಡಿಸಲು ಬಿಡುವ ಸ್ಥಿತಿಗೆ, ಹೋಗುವ ಕ್ರಮ ಹೀಗಿದೆ: ದನಿ ಏರಿಸುವ ಗುಂಡಿಯನ್ನು ಒಮ್ಮೆ ಒತ್ತಿ ಬಿಡಬೇಕು, ಇಳಿಸುವ ಗುಂಡಿಯನ್ನು ಒಮ್ಮೆ ಒತ್ತಿ ಬಿಡಬೇಕು, ಆಮೇಲೆ ಪಕ್ಕದ ಗುಂಡಿಯನ್ನು ಹಿಡಿದೇ ಇರಬೇಕು. ಲಾಂಛನ ಕಂಡ ಕೂಡಲೇ ಕೈ ಬಿಡುವುದು ಎಲ್ಲರೂ ಮಾಡುವ ತಪ್ಪು. ಕಂಪ್ಯೂಟರ್ ಮತ್ತು ಕೇಬಲ್ಲಿನ ಚಿತ್ರ ಮೂಡುವವರೆಗೆ ಬಿಡಬಾರದು. ಮೂರನೆಯ ಸಲಕ್ಕೆ ನನಗೆ ಅದು ಮೂಡಿತು. ಐಟ್ಯೂನ್ಸ್ ಎರಡು ಗುಂಡಿಗಳನ್ನು ಮುಂದಿಟ್ಟಿತು: ‘ಅಪ್‌ಡೇಟ್’ ಮತ್ತು ‘ರಿಸ್ಟೋರ್’. ಮೊದಲನೆಯದು ನಿಮ್ಮ ಸಾಮಾನು ಮುಟ್ಟದೆ ಫೋನನ್ನು ನಡೆಸುವ ತಂತ್ರಾಂಶವನ್ನಷ್ಟೇ ಮತ್ತೆ ಹಾಕಲು ನೋಡುತ್ತದೆ. ಎರಡನೆಯದು ಎಲ್ಲವನ್ನೂ ಅಳಿಸುತ್ತದೆ.

ಸರಿಯಾಗಿಯೇ ‘ಅಪ್‌ಡೇಟ್’ ಒತ್ತಿದೆ. ಇಳಿಯಬೇಕಾದ ಕಡತ ಆರು ಜಿಬಿಗೂ ಹೆಚ್ಚು. ಇಲ್ಲಿದೆ ನೋಡಿ ಯಾರೂ ಹೇಳದ ಸಂಗತಿ: ಡೌನ್‌ಲೋಡ್ 15 ನಿಮಿಷ ಮೀರಿದರೆ ಫೋನ್ ತಾನಾಗಿಯೇ ರಿಕವರಿ ಮೋಡಿನಿಂದ ಹೊರಗೆ ಬಂದುಬಿಡುತ್ತದೆ. ಆರು ಜಿಬಿಯನ್ನು 15 ನಿಮಿಷದಲ್ಲಿ ಇಳಿಸಲು ಸೆಕೆಂಡಿಗೆ ಸುಮಾರು 53 ಮೆಗಾಬಿಟ್ ವೇಗ ಬೇಕು. ನಮ್ಮ ಮನೆಯ ಇಂಟರ್ನೆಟ್ ಒಳ್ಳೆಯ ದಿನದಲ್ಲಿ 20 ಕೊಡುತ್ತದೆ. ಮುಕ್ಕಾಲು ಗಂಟೆಯ ಮೇಲೆ ನೋಡಿದರೆ ಫೋನ್ ಮತ್ತೆ ಲಾಂಛನ ಮಿನುಗಿಸುತ್ತ ಕೂತಿತ್ತು.

ಆಗ ಮಾಡಬೇಕಾದದ್ದು ಇಷ್ಟೇ. ಇಳಿದ ಕಡತ ಕಂಪ್ಯೂಟರಿನಲ್ಲಿ ಉಳಿದಿರುತ್ತದೆ. ಫೋನನ್ನು ಮತ್ತೊಮ್ಮೆ ರಿಕವರಿ ಮೋಡಿಗೆ ತಂದು ಮತ್ತೆ ‘ಅಪ್‌ಡೇಟ್’ ಒತ್ತಬೇಕು. ತುಂಬಿದ ಫೋನಿನಲ್ಲಿ ಅದು ಗೆದ್ದೇ ಗೆಲ್ಲುತ್ತದೆಂದು ನಾನು ಹೇಳುವುದಿಲ್ಲ, ಆದರೆ ಅವಕಾಶವಾದರೂ ಇರುತ್ತಿತ್ತು. ರಾತ್ರಿ ಹನ್ನೊಂದೂವರೆ ಆಗಿತ್ತು, ನನಗೆ ಹೊಳೆದದ್ದು ಬೇರೆ: ‘ಅಪ್‌ಡೇಟ್ ಕೈಕೊಟ್ಟಿತು, ಇನ್ನುಳಿದದ್ದು ರಿಸ್ಟೋರ್.’ ನಿಜಕ್ಕೆ ಅಪ್‌ಡೇಟ್ ಶುರುವೇ ಆಗಿರಲಿಲ್ಲ. ಮೇಲಾಗಿ ಆ ಪದವೇ ಮೋಸ ಮಾಡಿತು. ರಿಸ್ಟೋರ್ ಎಂದರೆ ಕಳೆದದ್ದನ್ನು ಮರಳಿಸುವುದು ಎಂದು ತಲೆಯಲ್ಲಿ ಕೂತಿತ್ತು. ಇಲ್ಲಿ ಅದು ದೇವರನ್ನು ಹೊರಗೆ ಹಾಕಿ ಗುಡಿಯ ಜೀರ್ಣೋದ್ಧಾರ ಮಾಡಿದ ಹಾಗೆ. ಎಲ್ಲ ಅಳಿಸಿಹೋಗುತ್ತದೆ ಎಂಬ ಎಚ್ಚರಿಕೆ ಪರದೆಯ ಮೇಲೆ ಬಂದಿತ್ತು. ಓದದೆಯೇ ಒತ್ತಿದೆ.

ಕೆಲಸ ಎಷ್ಟಾಯಿತೆಂದು ತೋರಿಸುವ ಪಟ್ಟಿ ಮೂರನೇ ಒಂದು ಭಾಗ ತುಂಬಿತ್ತು. ನೀರಿನ ಲೋಟ ಎತ್ತಿಕೊಳ್ಳಲು ಕೈ ಚಾಚಿದೆ, ಹಬ್ ಸ್ವಲ್ಪ ಜರುಗಿತು, ಪಟ್ಟಿ ನಿಂತಿತು. ದೋಷ ಸಂಖ್ಯೆ 4013. ಫೋನೂ ಇಲ್ಲ, ಫೋಟೊವೂ ಇಲ್ಲ.

ಮರುದಿನ ಒಂದು ರಿಪೇರಿ ಅಂಗಡಿಗೆ ಹೋದೆ. ಅಲ್ಲಿದ್ದಾತ ಒಂದು ಸಲ ಕೇಬಲ್ ಸಿಕ್ಕಿಸಿ, ಅದೇ ಸಂಖ್ಯೆ ನೋಡಿ, “ಬೋರ್ಡ್ ಹೋಗಿದೆ ಸಾರ್, ಹದಿನಾಲ್ಕೂವರೆ ಸಾವಿರ” ಎಂದ. ಫೋಟೊಗಳ ವಿಷಯ ಕೇಳಿದ್ದಕ್ಕೆ, “ಎಂಟು ಸಾವಿರ ಸೇರಿಸಿ, ತೆಗೆದುಕೊಡುತ್ತೇವೆ, ಪಾಸ್‌ಕೋಡ್ ಮತ್ತು ಆಪಲ್ ಐಡಿಯ ಪಾಸ್‌ವರ್ಡ್ ಈ ಚೀಟಿಯಲ್ಲಿ ಬರೆಯಿರಿ” ಎಂದು ಪೆನ್ನು ಕೊಟ್ಟ. ಪೆನ್ನು ಹಿಡಿದದ್ದೂ ಆಗಿತ್ತು. ಪಕ್ಕದಲ್ಲಿ ನಿಂತಿದ್ದ ಸಹೋದ್ಯೋಗಿ ಮೊಣಕೈ ತಿವಿಯದಿದ್ದರೆ ಬರೆದುಬಿಡುತ್ತಿದ್ದೆ.

ಈ ಮಾತಿನಲ್ಲಿ ಎರಡು ಸುಳ್ಳುಗಳಿವೆ. 4013 ಬಂದ ಮಾತ್ರಕ್ಕೆ ಬೋರ್ಡ್ ಸತ್ತಿದೆ ಎಂದಲ್ಲ. 9, 4005, 4013, 4014 ಇವೆಲ್ಲ ಹೆಚ್ಚಾಗಿ ಕೆಲಸದ ನಡುವೆ ಫೋನ್ ಮತ್ತು ಕಂಪ್ಯೂಟರಿನ ಸಂಪರ್ಕ ಕಡಿದಾಗ ಬರುವ ಸಂಖ್ಯೆಗಳು. ಬೋರ್ಡಿನ ದೋಷವೂ ಕಾರಣವಾಗಬಹುದು, ಆದರೆ ಆ ಅನುಮಾನ ಕೊನೆಯದು. ಕೇಬಲ್, ಕಿಂಡಿ, ಕಂಪ್ಯೂಟರ್ ಬದಲಿಸಿ ನೋಡುವುದು ಮೊದಲನೆಯದು. ಇನ್ನು ಅಳಿಸಿದ ಫೋಟೊ ತೆಗೆದುಕೊಡುವ ಮಾತು. ಐಫೋನಿನ ಒಳಗಿರುವುದೆಲ್ಲ ಗೂಢಲಿಪಿಯಲ್ಲಿರುತ್ತದೆ. ಪೂರ್ತಿ ಅಳಿಸುವಾಗ ಫೋನ್ ಮೊದಲು ನಾಶ ಮಾಡುವುದು ಅದರ ಕೀಲಿಯನ್ನು. ಕೀಲಿ ಹೋದ ಮೇಲೆ ಎಂಟು ಸಾವಿರವಲ್ಲ, ಎಂಟು ಲಕ್ಷ ಕೊಟ್ಟರೂ ಒಳಗಿನದು ಬರುವುದಿಲ್ಲ.

ಸಂಜೆ ಸಹೋದ್ಯೋಗಿಯ ಮನೆಯಲ್ಲಿ ಮೇಜಿನ ಕೆಳಗಿನ ದೊಡ್ಡ ಕಂಪ್ಯೂಟರಿನ ಬೆನ್ನಿಗೆ ನೇರವಾಗಿ, ಫೋನಿನ ಪೆಟ್ಟಿಗೆಯಲ್ಲಿ ಬಂದ ಮೂಲ ಕೇಬಲ್ಲಿನಿಂದ ಜೋಡಿಸಿದೆವು. ನಡುವೆ ಹಬ್ ಇಲ್ಲ. ಅವನು ಕಡತವನ್ನು ಮೊದಲೇ ಪೂರ್ತಿ ಇಳಿಸಿಟ್ಟು, ಆಮೇಲೆ ಫೋನನ್ನು ರಿಕವರಿಗೆ ತಂದ. ಕಾಫಿ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಪಟ್ಟಿ ತುಂಬಿತು. ಹದಿನಾಲ್ಕೂವರೆ ಸಾವಿರದ ಬೋರ್ಡ್ ತನ್ನ ಪಾಡಿಗೆ ತಾನು ಚೆನ್ನಾಗಿಯೇ ಇತ್ತು. ಬಳಿಕ ಫೋನ್ ಆಪಲ್ ಐಡಿಯ ಪಾಸ್‌ವರ್ಡ್ ಕೇಳಿತು. ರಿಸ್ಟೋರ್ ಮಾಡಿದರೂ ಈ ಬೀಗ ಹೋಗುವುದಿಲ್ಲ. ಅದನ್ನು ಮರೆತು, ಹೊಸದಾಗಿ ಹೊಂದಿಸಿಕೊಳ್ಳಲೂ ಆಗದಿದ್ದರೆ ಸರಿಹೋದ ಫೋನೂ ಕಾಗದದ ಮೇಲಿಡುವ ಕಲ್ಲಾಗುತ್ತಿತ್ತು. ಅದನ್ನೇ ಅಂಗಡಿಯವನ ಚೀಟಿಗೆ ಬರೆಯಹೊರಟಿದ್ದೆ!

ಹೋದ ಫೋಟೊಗಳಲ್ಲಿ ಹೆಚ್ಚಿನವು ಅಣ್ಣನ ಫೋನಿನಲ್ಲೂ ಇವೆ. ಇಲ್ಲದ್ದು ಒಂದು. ಮೆತ್ತಿನ, ಅಂದರೆ ಮಹಡಿಯ, ಬಾಗಿಲ ಹಿಂಬದಿಯಲ್ಲಿ ಅಪ್ಪಯ್ಯ ಸೀಮೆಸುಣ್ಣದಲ್ಲಿ ಬರೆದಿಟ್ಟ ಅಡಿಕೆಯ ಲೆಕ್ಕ: ಚಾಲಿ ಎಷ್ಟು, ಕೆಂಪಡಿಕೆ ಎಷ್ಟು, ಮರ ಹತ್ತಿ ಅಡಿಕೆ ಕೊಯ್ಯುವ ಕೊನೆಗೌಡನಿಗೆ ಕೊಡಬೇಕಾದದ್ದು ಎಷ್ಟು, ಕೊಟ್ಟಮೇಲೆ ಎಳೆದ ಅಡ್ಡಗೆರೆ. ಆ ಗೋಡೆಗಳು ಈಗಿಲ್ಲ. ಬಾಗಿಲು ಮಾತ್ರ ಹಲಸಿನ ಗಟ್ಟಿ ಮರದ್ದೆಂದು ಆಚಾರಿಯವರು ಉಜ್ಜುಗೊರಡು ಹಾಕಿ, ಪಾಲಿಶ್ ಕೊಟ್ಟು ಹೊಸ ಮನೆಯ ಕೋಣೆಗೆ ಕೂರಿಸಿದ್ದಾರೆ. ಬಂದವರೆಲ್ಲ ಅದರ ಮೇಲೆ ಕೈಯಾಡಿಸಿ, ಹೊಚ್ಚ ಹೊಸದರಂತಿದೆ ಎನ್ನುತ್ತಾರೆ.