ಹಳೇ ಅಂಟಿನ ಕಲೆಗೆ ನೀಲಗಿರಿ ಎಣ್ಣೆ: ವರ್ಷಗಟ್ಟಲೆ ಬಳಸಿದ ಮೇಲೆ

ನಮ್ಮ ಮನೆಯಲ್ಲಿ ನೀಲಗಿರಿ ಎಣ್ಣೆ ಈಗ ನೆಗಡಿಗಿಂತ ಜಾಸ್ತಿ ಗೋಂದಿಗೆ ಖರ್ಚಾಗುತ್ತದೆ. ಔಷಧಿ ಡಬ್ಬದಿಂದ ಅದು ಟೆಸ್ಟರ್, ಸ್ಕ್ರೂಡ್ರೈವರ್ ಇಡುವ ಡ್ರಾಯರ್‌ಗೆ ವರ್ಗವಾಗಿ ವರ್ಷಗಳೇ ಆದವು. ಸ್ಟಿಕ್ಕರ್ ತೆಗೆಯಲಿಕ್ಕೇ ಅಂತ ಮಾರುವ ಸ್ಪ್ರೇ, ನೇಲ್ ಪಾಲಿಶ್ ರಿಮೂವರ್, ಸ್ಯಾನಿಟೈಸರ್, ಕೊಬ್ಬರಿ ಎಣ್ಣೆ, ಸೀಮೆಎಣ್ಣೆ ಎಲ್ಲವನ್ನೂ ಬಳಸಿದ್ದೇನೆ. ಖಾಲಿಯಾದಾಗ ಮತ್ತೆ ಕೊಂಡು ತರುವುದು ಮಾತ್ರ ಇದೊಂದನ್ನೇ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಉಳಿದ ಒಂದನ್ನು ಹಿಡಿದಿಟ್ಟುಕೊಂಡಿದ್ದಕ್ಕೆ ಕಾರಣ ಇದೆ, ಮುಂದೆ ಬರುತ್ತದೆ.

ಮೊದಲೇ ಹೇಳಿಬಿಡುತ್ತೇನೆ, ಇದು ಹೊಸ ಸ್ಟೀಲ್ ಪಾತ್ರೆಯ ಸ್ಟಿಕ್ಕರ್ ವಿಷಯ ಅಲ್ಲ. ಪಾತ್ರೆಯನ್ನು ಒಳಗಡೆಯಿಂದ ಸ್ವಲ್ಪ ಬಿಸಿ ತಾಗಿಸಿದರೆ ಆ ಸ್ಟಿಕ್ಕರ್ ಇಡಿಯಾಗಿ ಎದ್ದು ಬರುತ್ತದೆ. ಅದಕ್ಕೆ ಯಾವ ಎಣ್ಣೆಯೂ ಬೇಡ. ನಾನು ಹೇಳುತ್ತಿರುವುದು ಹಳೇ ಅಂಟು. ಕಿಟಕಿಗೆ ಸೊಳ್ಳೆ ಪರದೆ ಹಾಕಲು ಅಂಟಿಸಿದ ವೆಲ್ಕ್ರೋ ಪಟ್ಟಿ. ಬಾತ್‌ರೂಮ್ ಕನ್ನಡಿಯ ಮೇಲೆ ಸಾಲಾಗಿ ಕೂತ ಸ್ಟಿಕ್ಕರ್ ಬೊಟ್ಟು. ಯಾವುದೋ ಗಣೇಶ ಹಬ್ಬಕ್ಕೆ ಬಾಗಿಲ ಚೌಕಟ್ಟಿಗೆ ಹಚ್ಚಿ ಹಾಗೇ ಬಿಟ್ಟ ಸೆಲ್ಲೋಟೇಪ್. ಮಕ್ಕಳು ಬೀರುವಿಗೆ ಹಚ್ಚಿದ ಕಾರ್ಟೂನು. ಬಾಡಿಗೆ ಮನೆಯಾದರೆ ನಮಗಿಂತ ಮೊದಲು ಇದ್ದವರ ಹಬ್ಬ, ಅವರ ಮಕ್ಕಳ ಕಾರ್ಟೂನು ಎಲ್ಲಾ ನಮ್ಮ ಪಾಲಿಗೇ ಬರುತ್ತದೆ.

ಇವೆಲ್ಲ ನೀರಿಗೆ, ಸೋಪಿಗೆ ಜಗ್ಗುವುದಿಲ್ಲ ಯಾಕೆ? ಟೇಪಿನ ಅಂಟು ಅಂದರೆ ರಬ್ಬರ್ ಅಥವಾ ಅಕ್ರಿಲಿಕ್, ಅದಕ್ಕೆ ಜಿಗುಟು ಬರಲಿ ಅಂತ ಸೇರಿಸಿದ ರಾಳ. ಎರಡಕ್ಕೂ ನೀರಿನ ಜೊತೆ ಸ್ನೇಹ ಇಲ್ಲ. ರಬ್ಬರ್ ಅಂಟು ಹಳೆಯದಾದಂತೆ ಗಾಳಿ, ಬಿಸಿಲು ತಾಗಿ ಮೊದಲು ಮೆತ್ತಗಾಗಿ ಸೋರುತ್ತದೆ. ಆಮೇಲೆ ಹಳದಿಯಾಗಿ ಒಣಗಿ ಕಲ್ಲಾಗುತ್ತದೆ. ಆ ಹೊತ್ತಿಗೆ ಅದರ ಎಳೆಗಳು ಒಂದಕ್ಕೊಂದು ಗಂಟು ಹಾಕಿಕೊಂಡಿರುತ್ತವೆ. ಗಂಟು ಬಿದ್ದ ಅಂಟನ್ನು ಯಾವ ದ್ರಾವಕವೂ ಪೂರ್ತಿ ಕರಗಿಸುವುದಿಲ್ಲ. ಅದು ಉಬ್ಬುತ್ತದೆ ಅಷ್ಟೇ, ನೆನೆಸಿದ ಕಡಲೆಯ ಹಾಗೆ. ಉಬ್ಬಿದ ಮೇಲೆ ಕೆರೆದು ಎಬ್ಬಿಸಬೇಕು. ಕಡಲೆ ನೆನೆಯಲು ಹೊತ್ತು ಬೇಕಲ್ವಾ, ಇದಕ್ಕೂ ಬೇಕು. ಬಹಳ ಜನ ಎಣ್ಣೆ ಹಚ್ಚಿದ ಮರುಕ್ಷಣವೇ ಉಜ್ಜಲು ಶುರು ಮಾಡುತ್ತಾರೆ, ಆಮೇಲೆ ಎಣ್ಣೆ ಸರಿ ಇಲ್ಲ ಅನ್ನುತ್ತಾರೆ.

ನೀಲಗಿರಿ ಎಣ್ಣೆ ಗೆಲ್ಲುವುದು ಇಲ್ಲೇ. ನೇಲ್ ಪಾಲಿಶ್ ರಿಮೂವರ್‌ನಲ್ಲಿರುವ ಅಸಿಟೋನ್ 56 ಡಿಗ್ರಿಗೇ ಕುದಿಯುತ್ತದೆ. ಹಚ್ಚಿ ಬಟ್ಟೆ ಮಡಚುವಷ್ಟರಲ್ಲಿ ಅರ್ಧ ಹಾರಿಹೋಗಿರುತ್ತದೆ. ಸ್ಯಾನಿಟೈಸರ್‌ದೂ ಹೆಚ್ಚುಕಮ್ಮಿ ಅದೇ ಕಥೆ. ಕೊಬ್ಬರಿ ಎಣ್ಣೆ ಇದಕ್ಕೆ ಉಲ್ಟಾ, ಅದು ಹಾರುವುದೇ ಇಲ್ಲ. ಹಗುರವಾದ ಅಂಟನ್ನು ಚೆನ್ನಾಗಿ ಮೆತ್ತಗೆ ಮಾಡುತ್ತದೆ ನಿಜ, ಉಪ್ಪಿನಕಾಯಿ ಬಾಟಲಿಯ ಲೇಬಲ್‌ಗೆ ನಾನು ಈಗಲೂ ಅದನ್ನೇ ಅಡುಗೆ ಸೋಡಾ ಜೊತೆ ಕಲಸಿ ಹಚ್ಚುತ್ತೇನೆ. ಆದರೆ ಬಾಗಿಲಿಗೆ, ಬೀರುವಿಗೆ ಹಚ್ಚಿದರೆ ಜಿಡ್ಡು ಉಳಿದು ಧೂಳು ಕೂರುತ್ತದೆ. ನೀಲಗಿರಿ ಎಣ್ಣೆಯ ಮುಖ್ಯ ಅಂಶ ಸಿನಿಯೋಲ್. ಅದು ಕುದಿಯುವುದು 176 ಡಿಗ್ರಿಯ ಹತ್ತಿರ. ಹಾಗಾಗಿ ಅಂಟಿನೊಳಗೆ ಇಳಿಯುವಷ್ಟು ಹೊತ್ತು ನಿಲ್ಲುತ್ತದೆ, ಕೆಲಸ ಮುಗಿದ ಮೇಲೆ ತಾನೇ ಆರಿಹೋಗುತ್ತದೆ. ರಬ್ಬರ್ ಜಾತಿಯ ವಸ್ತುಗಳ ಮೇಲೆ ಇದರ ಪ್ರಭಾವ ಹಲ್ಲಿನ ಡಾಕ್ಟರರಿಗೆ ಹಳೇ ಪರಿಚಯ. ರೂಟ್ ಕೆನಾಲ್ ಮಾಡಿ ತುಂಬಿದ ಗಟ್ಟಾಪರ್ಚವನ್ನು ಮತ್ತೆ ತೆಗೆಯಬೇಕಾದರೆ ಮೆತ್ತಗಾಗಿಸಲು ಬಳಸುವ ದ್ರಾವಕಗಳಲ್ಲಿ ನೀಲಗಿರಿ ಎಣ್ಣೆಯೂ ಒಂದು. ಗಟ್ಟಾಪರ್ಚ ಅಂದರೆ ರಬ್ಬರಿನ ದಾಯಾದಿ.

ಈಗ ವೆಲ್ಕ್ರೋ ವಿಷಯಕ್ಕೆ ಬರೋಣ. ನನ್ನ ಪ್ರಕಾರ ನಮ್ಮ ಮನೆಗಳಲ್ಲಿ ಇದಕ್ಕಿಂತ ಕೆಟ್ಟ ಅಂಟಿನ ಕಲೆ ಇನ್ನೊಂದಿಲ್ಲ. ಪಡುವಣ ದಿಕ್ಕಿನ ಕಿಟಕಿಯಾದರೆ ಮಧ್ಯಾಹ್ನದ ಬಿಸಿಲು ಪೂರ್ತಿ ಅದರ ಮೇಲೇ. ಪರದೆ ಹರಿದು ಬದಲಾಯಿಸುವಾಗ ಪಟ್ಟಿ ಎಳೆದರೆ ಬಟ್ಟೆಯ ಪದರ ಮಾತ್ರ ಕೈಗೆ ಬರುತ್ತದೆ, ಅಂಟು ಚೌಕಟ್ಟಿನಲ್ಲೇ ಕಂದು ಬಣ್ಣದ ಪಟ್ಟೆಯಾಗಿ ಕೂತಿರುತ್ತದೆ. ಹೊಸ ಪಟ್ಟಿಯನ್ನು ಅದರ ಮೇಲೇ ಅಂಟಿಸಿದರೆ ಮೊದಲ ಮಳೆಗಾಲದಲ್ಲೇ ಜೋತುಬೀಳುತ್ತದೆ. ಪರದೆ ಹಾಕುವವರು ಸುಮ್ನೆ ಚಾಕುವಿನಲ್ಲಿ ಕೆರೆದು ಅಲ್ಯೂಮಿನಿಯಂ ಮೇಲಿನ ಬಣ್ಣವನ್ನೂ ಕಿತ್ತುಬಿಡುತ್ತಾರೆ. ಅವರಿಗೆ ಅವಸರ, ನಮಗೆ ಕಿಟಕಿ.

ನಾನು ಮಾಡುವುದು ಹೀಗೆ. ಟಿಶ್ಯೂ ಪೇಪರನ್ನು ಉದ್ದಕ್ಕೆ ಮಡಚಿ ನೀಲಗಿರಿ ಎಣ್ಣೆಯಲ್ಲಿ ತೋಯಿಸಿ ಅಂಟಿನ ಮೇಲೆ ಒತ್ತುತ್ತೇನೆ. ಅದರ ಮೇಲೆ ಹಾಲಿನ ಕವರನ್ನು ಉದ್ದುದ್ದ ಪಟ್ಟಿಯಾಗಿ ಕತ್ತರಿಸಿ ಮುಚ್ಚುತ್ತೇನೆ. ಎಣ್ಣೆ ಗಾಳಿಗೆ ಹಾರಬಾರದು ಅಂತ. ಹಾಲಿನ ಕವರು ಪಾಲಿಥೀನ್, ಈ ಎಣ್ಣೆಗೆ ಅದೇನೂ ಆಗುವುದಿಲ್ಲ. ಅರ್ಧ ಗಂಟೆ ಬಿಟ್ಟು ಬಂದರೆ ಅಂಟು ಜೆಲ್ಲಿಯಂತಾಗಿರುತ್ತದೆ. ಅವಧಿ ಮುಗಿದ ಎಟಿಎಂ ಕಾರ್ಡಿನ ಅಂಚಿನಿಂದ ಒಂದೇ ದಿಕ್ಕಿನಲ್ಲಿ ತಳ್ಳಬೇಕು. ಹಿಂದೆ ಮುಂದೆ ಉಜ್ಜಿದರೆ ಬಿಟ್ಟ ಅಂಟು ಪಕ್ಕದಲ್ಲಿ ಹೋಗಿ ಕೂರುತ್ತದೆ. ಪ್ರತಿ ಸಲ ತಳ್ಳಿದ ಮೇಲೆ ಕಾರ್ಡನ್ನು ಒಣ ಬಟ್ಟೆಯಲ್ಲಿ ಒರೆಸಿಕೊಳ್ಳಿ. ದಪ್ಪ ಪದರ ಹೋದ ಮೇಲೆ ಇನ್ನೊಂದು ಸುತ್ತು, ಈ ಸಲ ಸ್ವಲ್ಪ ಎಣ್ಣೆ, ಸ್ವಲ್ಪ ಹೊತ್ತು. ಕೊನೆಗೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಲು ಬಿಡಬೇಕು. ಈ ಕೊನೆಯ ಹಂತ ಬಿಟ್ಟರೆ ಹೊಸ ವೆಲ್ಕ್ರೋ ಹಿಡಿಯುವುದಿಲ್ಲ. ಹೀಗೆ ತೆಗೆದ ಚೌಕಟ್ಟಿಗೆ ಹಾಕಿದ ಪಟ್ಟಿಗಳು ನಮ್ಮಲ್ಲಿ ಇನ್ನೂ ಗಟ್ಟಿಯಾಗಿವೆ.

ಗಾಜಿನ ಮೇಲಾದರೆ ಕೆಲಸ ಇನ್ನೂ ಸುಲಭ, ಕಾರ್ಡಿನ ಬದಲು ಬ್ಲೇಡನ್ನೇ ಬಳಸಬಹುದು. ಗಾಜು ಒದ್ದೆಯಾಗಿರಲಿ, ಬ್ಲೇಡ್ ಮಲಗಿದಂತೆ ಇರಲಿ. ಬೊಟ್ಟಿನ ಅಂಟಿಗೆ ಹತ್ತಿಯಲ್ಲಿ ಒಂದು ಹನಿ ಸಾಕು. ಕನ್ನಡಿಯ ಅಂಚಿಗೆ ಮಾತ್ರ ಎಣ್ಣೆ ಹರಿಯಬಾರದು, ಹಿಂದಿನ ಬಣ್ಣದ ಪದರದೊಳಗೆ ಇಳಿದರೆ ಕಪ್ಪು ಮಚ್ಚೆ ಬೀಳಬಹುದು. ಸ್ಟೀಲ್, ಟೈಲ್ಸ್, ಸನ್‌ಮೈಕಾ, ಬೀರುವಿನ ಹೊರಮೈ, ಇಲ್ಲೆಲ್ಲ ನನಗೆ ತೊಂದರೆ ಆಗಿಲ್ಲ.

ಇನ್ನು ಕಮ್ಮಿ ಮಾಡಿದ ಸ್ಟಾರ್‌ನ ಲೆಕ್ಕ. ಥರ್ಮೋಕೋಲ್ ಚೂರಿನ ಮೇಲೆ ಈ ಎಣ್ಣೆಯ ಒಂದು ಹನಿ ಬಿಟ್ಟು ನೋಡಿ, ಗುಳಿ ಬೀಳುತ್ತದೆ. ಥರ್ಮೋಕೋಲ್ ಅಂದರೆ ಪಾಲಿಸ್ಟೈರೀನ್. ಅದೇ ಜಾತಿಯ ಪ್ಲಾಸ್ಟಿಕ್ ಫ್ರಿಜ್ಜಿನ ಒಳಗೋಡೆಯಲ್ಲಿ, ತರಕಾರಿ ಇಡುವ ಪಾರದರ್ಶಕ ಟ್ರೇಯಲ್ಲಿ, ಹಳೇ ಸಿಡಿ ಡಬ್ಬಿಯಲ್ಲಿ ಇರುತ್ತದೆ. ಅಲ್ಲಿ ಇದನ್ನು ಮುಟ್ಟಿಸಲೇಬೇಡಿ, ಮೇಲ್ಮೈ ಮಸುಕಾಗುತ್ತದೆ, ಬಿರುಕು ಬಿಡುತ್ತದೆ. ಫ್ರಿಜ್ಜಿನ ಒಳಗಿನ ಸ್ಟಿಕ್ಕರ್‌ಗೆ ಬಿಸಿನೀರಲ್ಲಿ ಅದ್ದಿದ ಬಟ್ಟೆ ಮತ್ತು ಉಗುರು, ಅಷ್ಟೇ. ಅಸಿಟೋನ್ ಇನ್ನೂ ಅಪಾಯ, ಅದು ಟಿವಿ, ಮಿಕ್ಸಿಗಳ ಎಬಿಎಸ್ ಪ್ಲಾಸ್ಟಿಕ್ಕನ್ನೂ ಬಿಡುವುದಿಲ್ಲ. ಯಾವ ಪ್ಲಾಸ್ಟಿಕ್ ಅಂತ ಅನುಮಾನ ಇದ್ದರೆ ಕಾಣದ ಮೂಲೆಯಲ್ಲಿ ಒಂದು ಹನಿ ಹಚ್ಚಿ ಕಾದು ನೋಡಿ.

ಮರದ ಬಾಗಿಲಿಗೂ ಅದೇ ಮಾತು. ಹಳೇ ತೇಗದ ಬಾಗಿಲಿಗೆ ಅರಗಿನ ಪಾಲಿಶ್ ಹೊಡೆದಿದ್ದರೆ ಸ್ಯಾನಿಟೈಸರ್ ಹತ್ತಿರ ತರಬೇಡಿ, ಅರಗು ಆಲ್ಕೋಹಾಲಿನಲ್ಲೇ ಕರಗುವುದು. ನೀಲಗಿರಿ ಎಣ್ಣೆ ಅಷ್ಟು ಕ್ರೂರಿ ಅಲ್ಲ, ಆದರೂ ತುಂಬಾ ಹೊತ್ತು ಬಿಟ್ಟರೆ ಹೊಳಪು ಹೋಗಬಹುದು. ಬಾಗಿಲಿಗೆ ನಾನು ಹಾಲಿನ ಕವರಿನ ಉಪಾಯ ಮಾಡುವುದಿಲ್ಲ. ಹತ್ತಿಯಲ್ಲಿ ಹಚ್ಚಿ, ಬೇಗ ಒರೆಸಿ, ಮತ್ತೆ ಹಚ್ಚುತ್ತೇನೆ. ನಿಧಾನ ಆಗುತ್ತದೆ, ಆಗಲಿ.

ಕೆಲವು ಅಂಟಿಗೆ ಇದು ಕೆಲಸಕ್ಕೇ ಬಾರದು. ಟೈಲ್ಸಿಗೆ ಹಚ್ಚುವ ಹುಕ್ಕುಗಳ ಹಿಂದೆ ದಪ್ಪ ಫೋಮ್ ಟೇಪ್ ಇರುತ್ತದಲ್ಲ, ಅದರಲ್ಲಿ ಅಕ್ರಿಲಿಕ್ ಅಂಟು ಇದ್ದರೆ ಎಣ್ಣೆ ಕುಡಿದರೂ ಜಪ್ಪಯ್ಯ ಅನ್ನುವುದಿಲ್ಲ. ಹುಕ್ಕಿನ ಹಿಂದೆ ಗಟ್ಟಿ ನೈಲಾನ್ ದಾರ ತೂರಿಸಿ ಗರಗಸದ ಹಾಗೆ ಆಡಿಸಿ ಮೊದಲು ಫೋಮನ್ನು ಕೊಯ್ಯಬೇಕು. ಉಳಿದದ್ದನ್ನು ಹೆಬ್ಬೆರಳಲ್ಲಿ ಉಂಡೆ ಕಟ್ಟುತ್ತಾ ಉರುಳಿಸಿ ತೆಗೆಯಬೇಕು. ಎಣ್ಣೆ ಕೊನೆಯ ತೆಳು ಪದರಕ್ಕೆ ಮಾತ್ರ. ಫೆವಿಕ್ವಿಕ್ ಬಿದ್ದ ಕಲೆಗೆ ಅಸಿಟೋನೇ ಬೇಕು. ಫೆವಿಕಾಲ್ ಆದರೆ ಬಿಸಿನೀರಲ್ಲಿ ನೆನೆಸಿದ ಬಟ್ಟೆ. ಎಂ-ಸೀಲ್ ಕಲ್ಲಾದ ಮೇಲೆ ಅದರ ಆಸೆ ಬಿಟ್ಟುಬಿಡಿ.

ಆನ್‌ಲೈನಿನಲ್ಲಿ ಸಿಗುವ ರಿಮೂವರ್ ಸ್ಪ್ರೇಗಳೂ ಕೆಲಸ ಮಾಡುತ್ತವೆ, ಇಲ್ಲ ಅನ್ನುವುದಿಲ್ಲ. ಆದರೆ ನೆಟ್ಟಗೆ ನಿಂತ ಬಾಗಿಲಿಗೆ ಸ್ಪ್ರೇ ಮಾಡಿದರೆ ಅರ್ಧ ನೆಲಕ್ಕೆ ಇಳಿಯುತ್ತದೆ, ವಾಸನೆ ಪೆಟ್ರೋಲ್ ಬಂಕಿನದು. ಬೆಲೆಯೂ ಜಾಸ್ತಿ. ನೀಲಗಿರಿ ಎಣ್ಣೆ ಸಣ್ಣ ಬಾಟಲಿ ಮೆಡಿಕಲ್ ಶಾಪಿನಲ್ಲೇ ಸಿಗುತ್ತದೆ. ಒಂದು ಕಿಟಕಿಗೆ ಕೆಲವು ಚಮಚ ಹಿಡಿಯುತ್ತದೆ, ಕನ್ನಡಿಗೆ ಹನಿಗಳು.

ಕೊಳ್ಳುವಾಗ ಲೇಬಲ್ ಮೇಲೆ ಐಪಿ ಅಂತ ಇದೆಯಾ ನೋಡಿ, ಅಂದರೆ ಇಂಡಿಯನ್ ಫಾರ್ಮಕೋಪಿಯಾದ ಪ್ರಕಾರ ತಯಾರಾದದ್ದು. ಊಟಿಗೆ ಹೋದವರೆಲ್ಲ ಒಂದು ಬಾಟಲಿ ತರುತ್ತಾರೆ. ಅದರಲ್ಲಿ ಒಳ್ಳೆಯದೂ ಇದೆ, ಬೆರಕೆಯೂ ಇದೆ. ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಜಿಡ್ಡಿನ ವೃತ್ತ ಉಳಿದಿದ್ದರೆ ಅಗ್ಗದ ಯಾವುದೋ ಎಣ್ಣೆ ಬೆರೆಸಿದ್ದಾರೆ ಅಂತ ಅರ್ಥ. ಗೋಂದಿಗೂ ಅಂಥದ್ದು ಬೇಡ, ಕೊಬ್ಬರಿ ಎಣ್ಣೆಯ ತಾಪತ್ರಯವೇ ವಾಪಸ್ ಬರುತ್ತದೆ. ಅಂದಹಾಗೆ, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಕಾಣುವ ನೀಲಗಿರಿ ತೋಪಿನ ಎಲೆ ತಂದು ಕಾಯಿಸಿದರೆ ಇದೇ ಎಣ್ಣೆ ಆಗುವುದಿಲ್ವಾ ಅಂತ ಒಬ್ಬರು ಕೇಳಿದ್ದರು. ಔಷಧಿಯ ಎಣ್ಣೆಗೆ ಹೆಸರಾದದ್ದು ಊಟಿಯ ಗ್ಲೋಬ್ಯುಲಸ್ ಜಾತಿ. ಬಯಲುಸೀಮೆಯಲ್ಲಿ ಕಟ್ಟಿಗೆಗೆ, ಕಾಗದದ ತಿರುಳಿಗೆ ಅಂತ ನೆಟ್ಟದ್ದು ಬೇರೆ ಜಾತಿ. ಅಂತರ್ಜಲದ ಕಾರಣಕ್ಕೆ ಕರ್ನಾಟಕ ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನೇ ನಿಷೇಧಿಸಿತು. ಎಣ್ಣೆ ಅಂಗಡಿಯಿಂದಲೇ ತನ್ನಿ.

ಹುಷಾರಾಗಿರಬೇಕಾದ ವಿಷಯ ಎರಡು. ಒಂದು ಬೆಂಕಿ. ಸುಮಾರು 50 ಡಿಗ್ರಿ ಬಿಸಿಯಾದರೆ ಇದರ ಆವಿಗೆ ಕಿಡಿ ತಾಗಿದಾಗ ಹೊತ್ತಿಕೊಳ್ಳುತ್ತದೆ. ಹೇರ್ ಡ್ರೈಯರ್ ಅಥವಾ ಒಲೆಯ ಬಿಸಿ ಬಳಸುವುದಾದರೆ ಅದು ಮೊದಲು, ಎಣ್ಣೆ ಆಮೇಲೆ, ಪಾತ್ರೆ ಪೂರ್ತಿ ತಣ್ಣಗಾದ ಮೇಲೆ. ಎಣ್ಣೆ ಹಚ್ಚಿದ್ದನ್ನು ಒಲೆಯ ಹತ್ತಿರ ಒಯ್ಯಬಾರದು. ಗ್ಯಾಸ್ ಸ್ಟೌವ್ ಮೇಲಿನ ಸ್ಟಿಕ್ಕರ್‌ಗೆ ನಾನು ಸಿಲಿಂಡರ್ ರೆಗ್ಯುಲೇಟರ್ ಬಂದ್ ಮಾಡಿಯೇ ಕೈ ಹಾಕುತ್ತೇನೆ. ಇನ್ನೊಂದು ಮಕ್ಕಳು. ಮನೆಮದ್ದು ಅಂತ ಇದನ್ನು ಸಲೀಸಾಗಿ ಕೈಗೆ ಸಿಗುವಲ್ಲಿ ಇಡುತ್ತೇವೆ, ಆದರೆ ಕೆಲವೇ ಮಿಲಿಲೀಟರ್ ಹೊಟ್ಟೆಗೆ ಹೋದರೂ ಸಣ್ಣ ಮಕ್ಕಳಿಗೆ ಫಿಟ್ಸ್ ಬರುವಷ್ಟು ವಿಷ. ಬೆಕ್ಕು, ನಾಯಿ ಇರುವ ಮನೆಯಲ್ಲೂ ಒರೆಸಿದ ಬಟ್ಟೆ ನೆಲದ ಮೇಲೆ ಬಿಡಬೇಡಿ. ವಾಸನೆ ಸಂಜೆವರೆಗೂ ಇರುತ್ತದೆ. ನನಗೆ ಅದು ಇಷ್ಟ, ಮನೆಯಲ್ಲಿ ಎಲ್ಲರಿಗೂ ಇಷ್ಟ ಇಲ್ಲ. ಉಬ್ಬಸ ಇರುವವರು ಆ ಹೊತ್ತಿಗೆ ಬೇರೆ ಕೋಣೆಗೆ ಹೋಗುವುದು ಒಳ್ಳೆಯದು.

ಗೋಡೆಯ ಬಗ್ಗೆ ಕೇಳುವವರು ಜಾಸ್ತಿ. ಎಮಲ್ಷನ್ ಬಳಿದ ಗೋಡೆಗೆ ಇದನ್ನು ಹಚ್ಚಬೇಡಿ. ಬಣ್ಣ ಮೆತ್ತಗಾಗುತ್ತದೆ, ಬಿಟ್ಟ ಅಂಟು ಗೋಡೆಯೊಳಗೇ ಇಳಿದು ಮಾಸಲು ಮಚ್ಚೆಯಾಗುತ್ತದೆ. ಹೇರ್ ಡ್ರೈಯರ್ ಬಿಸಿ ಕೊಟ್ಟು ಎಷ್ಟು ಏಳುತ್ತದೋ ಅಷ್ಟು ಎಬ್ಬಿಸಿ. ಉಳಿದದ್ದಕ್ಕೆ ಮರಳು ಕಾಗದ, ಒಂದು ಕೈ ಪುಟ್ಟಿ, ಅದರ ಮೇಲೆ ಬಣ್ಣ. ಬಾಡಿಗೆ ಮನೆಯಾದರೆ ಹೇಗೂ ಬಿಡುವಾಗ ಪೇಂಟಿಂಗ್ ಅಂತ ಅಡ್ವಾನ್ಸಿನಲ್ಲಿ ಹಿಡಿದೇ ಹಿಡಿಯುತ್ತಾರೆ, ಅದನ್ನು ಅವರೇ ನೋಡಿಕೊಳ್ಳಲಿ.